ನಡತೆ ಉತ್ತಮ, ಮಾನ್ಯತೆ ಪ್ರಕ್ರಿಯೆಯಲ್ಲಿದೆ

ಬೆಂಗಳೂರಿನ ಹೊರವಲಯದಲ್ಲಿ ಬಡಾವಣೆಗಿಂತ ಮೊದಲು ಶಾಲೆ ಹುಟ್ಟುತ್ತದೆ. ಒಳಚರಂಡಿ ಬಂದಿರುವುದಿಲ್ಲ, ಬೀದಿದೀಪ ಬಂದಿರುವುದಿಲ್ಲ, ಕಾವೇರಿ ನೀರಿನ ಮಾತನ್ನಂತೂ ಎತ್ತುವುದೇ ಬೇಡ. ಆದರೆ ‘ಇಂಟರ್‌ನ್ಯಾಷನಲ್’ ಮಾತ್ರ ಬಂದು ನಿಂತಿರುತ್ತದೆ. ಹಿಂದೆ ಶಾಲೆಗಳ ಹೆಸರಿನಲ್ಲಿ ಶಾರದೆಯೋ ಸರಸ್ವತಿಯೋ ಇರುತ್ತಿದ್ದರು. ಈಗ ಅವರಿಬ್ಬರನ್ನೂ ಪ್ರಾರ್ಥನೆಗೆ ಸೀಮಿತಗೊಳಿಸಿ ಫಲಕದಲ್ಲಿ ಗ್ಲೋಬಲ್, ವರ್ಲ್ಡ್, ಟೆಕ್ನೋ ಮುಂತಾದವರಿಗೆ ಜಾಗ ಮಾಡಿಕೊಡಲಾಗಿದೆ. ಅದರ ಕೆಳಗೆ ಆಳೆತ್ತರದ ಅಕ್ಷರಗಳಲ್ಲಿ ‘ಸಿಬಿಎಸ್‌ಇ’. ಇನ್ನೂ ಕೆಳಗೆ, ಕಣ್ಣಿನ ವೈದ್ಯರು ಕೊನೆಯ ಸಾಲಿಗೆ ಇಟ್ಟುಕೊಂಡಿರುವ ಗಾತ್ರದಲ್ಲಿ, ‘ಪಠ್ಯಕ್ರಮ ಆಧಾರಿತ’.

ದಾಖಲಾತಿ ವಿಭಾಗದಲ್ಲಿ ನಡೆಯುವ ಸಂಭಾಷಣೆ ಯಾವ ಶಾಲೆಯಲ್ಲಾದರೂ ಹೆಚ್ಚುಕಡಿಮೆ ಹೀಗೇ ಇರುತ್ತದೆ.

“ನಿಮ್ಮದು ಸಿಬಿಎಸ್‌ಇ ಶಾಲೆಯೇ ಮೇಡಂ?”

“ನಾವು ಸಿಬಿಎಸ್‌ಇಯನ್ನು ಅನುಸರಿಸುತ್ತೇವೆ ಸಾರ್.”

“ಮಂಡಳಿ ಕೊಟ್ಟ ಸಂಯೋಜನೆ (ಅಫಿಲಿಯೇಷನ್) ಸಂಖ್ಯೆ ಕೊಡುತ್ತೀರಾ?”

“ಪ್ರಕ್ರಿಯೆಯಲ್ಲಿದೆ ಸಾರ್.”

“ಯಾವಾಗಿನಿಂದ?”

“ಶಾಲೆ ಶುರುವಾದ ದಿನದಿಂದ. ಒಂಬತ್ತನೇ ತರಗತಿಗೆ ಹೋಗುವಷ್ಟರಲ್ಲಿ ಬಂದುಬಿಡುತ್ತದೆ. ನಿಮ್ಮ ಪಾಪು ಈಗ ಎಲ್‌ಕೆಜಿ ತಾನೇ?”

ತಂದೆ ಬೆರಳು ಮಡಚಿ ಲೆಕ್ಕ ಹಾಕುತ್ತಾನೆ. ಹತ್ತು ವರ್ಷ ಸಮಯವಿದೆ. ಈ ನಗರದಲ್ಲಿ ಮೇಲ್ಸೇತುವೆಗಳನ್ನು ಕಾದು ಪಳಗಿದವನಿಗೆ ಹತ್ತು ವರ್ಷ ಯಾವ ಮಹಾ? ಕಾರ್ಡ್ ಉಜ್ಜುತ್ತಾನೆ. ಶುಲ್ಕ ಮಾತ್ರ ಯಾವ ಪ್ರಕ್ರಿಯೆಯಲ್ಲೂ ಸಿಲುಕದೆ ಕ್ಷಣಾರ್ಧದಲ್ಲಿ ಸಂದಾಯವಾಗುತ್ತದೆ.

ಈ ಗುಟ್ಟು ದೊಡ್ಡ ಪ್ರಮಾಣದಲ್ಲಿ ರಟ್ಟಾದ ಬಗೆ ಸ್ವಾರಸ್ಯಕರವಾಗಿದೆ. 2022ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ, ರಾಜ್ಯ ಪಠ್ಯಕ್ರಮದ ಶಾಲೆಗಳ ಐದು ಮತ್ತು ಎಂಟನೇ ತರಗತಿಗಳಿಗೆ ಮಂಡಳಿ ಮಟ್ಟದ ಮೌಲ್ಯಾಂಕನ ನಡೆಸುವುದಾಗಿ ಹೇಳಿತು. ನಮ್ಮದು ಕೇಂದ್ರ ಪಠ್ಯಕ್ರಮ, ನಮಗೇನು ಎಂದು ನೆಮ್ಮದಿಯಾಗಿದ್ದ ಪೋಷಕರಿಗೆ ಕೆಲವು ಶಾಲೆಗಳಿಂದ ಸಂದೇಶ ಹೋಯಿತು: ಕಾಗದದ ಮೇಲೆ ನಮ್ಮದು ರಾಜ್ಯ ಪಠ್ಯಕ್ರಮವೇ, ನಿಮ್ಮ ಮಗುವೂ ಬರೆಯಬೇಕು. 2023ರ ಜನವರಿಯ ಹೊತ್ತಿಗೆ ಬೆಂಗಳೂರಿನ ಶಾಲಾ ಗೇಟುಗಳ ಮುಂದೆ ತಂದೆತಾಯಂದಿರು ಘೋಷಣೆ ಕೂಗುತ್ತಿದ್ದರು. ವರ್ಷಗಟ್ಟಲೆ ತಪಾಸಣೆಗೆ ಬಂದು, ಕಾಫಿ ಕುಡಿದು, ಸಂದರ್ಶಕರ ಪುಸ್ತಕದಲ್ಲಿ ‘ಬಹಳ ಸಂತೋಷವಾಯಿತು’ ಎಂದು ಬರೆದು ಹೋದ ಯಾರ ಕಣ್ಣಿಗೂ ಬೀಳದ ಸತ್ಯ ಐದನೇ ತರಗತಿಯ ಪ್ರಶ್ನೆಪತ್ರಿಕೆಗೆ ಸಿಕ್ಕಿಬಿದ್ದಿತ್ತು. ಆ ಪರೀಕ್ಷೆ ಬೇಕೋ ಬೇಡವೋ ಎಂಬ ವ್ಯಾಜ್ಯ ಹೈಕೋರ್ಟಿನವರೆಗೆ ಹೋಯಿತು. ಅದು ಮಕ್ಕಳನ್ನು ಅಳೆಯಿತೋ ಇಲ್ಲವೋ, ಶಾಲೆಗಳನ್ನಂತೂ ಬರೆಯುವ ಮುಂಚೆಯೇ ಅಳೆದುಬಿಟ್ಟಿತು.

ಹಾಗೆಂದು ಕಾನೂನು ಇಲ್ಲವೆನ್ನಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಮುಂದುವರಿಸಿದರೆ ದಿನಕ್ಕೆ 10,000. ಕೇಳಲು ಭಯಂಕರವಾಗಿದೆ. ಆದರೆ ಒಂದು ಲಕ್ಷವೆಂದರೆ ಅಂಥ ಶಾಲೆಯಲ್ಲಿ ಒಂದೇ ಒಂದು ಯುಕೆಜಿ ಮಗುವಿನ ಶುಲ್ಕ, ಅದೂ ಈಜುಕೊಳ ಬಿಟ್ಟು. ದಂಡವನ್ನೂ ಶುಲ್ಕದ ರಸೀದಿಯಲ್ಲಿ ‘ಇತರೆ ಚಟುವಟಿಕೆ’ ಎಂದು ಸೇರಿಸಿದರೆ ಯಾರಿಗೂ ತಿಳಿಯುವುದಿಲ್ಲ.

ಇನ್ನು ಮಾನ್ಯತೆ ಪಡೆಯಲು, ಪಡೆದದ್ದನ್ನು ನವೀಕರಿಸಲು ಪ್ರಾಮಾಣಿಕವಾಗಿ ಹೊರಟ ಶಾಲೆಯ ಪಾಡು ಬೇರೆಯೇ. ಕಟ್ಟಡ ಸುರಕ್ಷತೆಗೆ ಒಂದು ಇಲಾಖೆ, ಅಗ್ನಿ ಸುರಕ್ಷತೆಗೆ ಇನ್ನೊಂದು, ಭೂ ಪರಿವರ್ತನೆಗೆ ಮತ್ತೊಂದು. ಒಂದರ ಪತ್ರ ಕೈಸೇರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತದೆ. 2022ರ ಆಗಸ್ಟ್‌ನಲ್ಲಿ ಸುಮಾರು 13,000 ಶಾಲೆಗಳ ಪರವಾಗಿ ಎರಡು ಸಂಘಟನೆಗಳು ಪ್ರಧಾನಮಂತ್ರಿಗೇ ಪತ್ರ ಬರೆದು, ಮಾನ್ಯತಾ ಪತ್ರಕ್ಕೆ ಲಂಚ ಕೇಳಲಾಗುತ್ತಿದೆ ಎಂದು ದೂರಿದ್ದವು. ಶುಲ್ಕದ ವಿಷಯದಲ್ಲಿ ಪೋಷಕರ ಕಣ್ಣೀರು ಕಂಡೂ ಕಾಣದಂತಿದ್ದ ವಲಯ ಸ್ವತಃ ಕಣ್ಣೀರು ಹಾಕಿದ ಅಪರೂಪದ ಸಂದರ್ಭವದು.

ಮಾನ್ಯತೆ ಬರುವ ಮೊದಲೇ ಮಕ್ಕಳು ಹತ್ತನೇ ತರಗತಿಗೆ ಬಂದುಬಿಟ್ಟರೆ? ಮಕ್ಕಳಿಗೆ ಈ ದುರಭ್ಯಾಸವಿದೆ, ಇಲಾಖೆಯನ್ನು ಕಾಯದೆ ಬೆಳೆದುಬಿಡುತ್ತವೆ. ಅದಕ್ಕೂ ದಾರಿಯುಂಟು. ಮಾನ್ಯತೆ ಇರುವ ಯಾವುದೋ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರು ಸೇರಿಸಿ, ಅಲ್ಲಿಂದ ಎಸ್‌ಎಸ್‌ಎಲ್‌ಸಿ ಬರೆಸುವುದು. ಹುಡುಗ ಓದಿದ್ದು ಇಲ್ಲಿ, ಹಾಜರಾದದ್ದು ಅಲ್ಲಿ. ಕೊನೆಗೆ ಅವನ ಕೈಗೆ ಬರುವ ವರ್ಗಾವಣೆ ಪತ್ರದಲ್ಲಿ, ಅವನ ಮುಖವನ್ನೇ ನೋಡದ ಮುಖ್ಯೋಪಾಧ್ಯಾಯರು ‘ನಡತೆ: ಉತ್ತಮ’ ಎಂದು ಸಹಿ ಹಾಕಿರುತ್ತಾರೆ. ಒಂದು ದೃಷ್ಟಿಯಲ್ಲಿ ಅದು ನಿಜವೇ. ಇಡೀ ವರ್ಷ ಆ ಶಾಲೆಯಲ್ಲಿ ಅವನು ಒಂದು ಗಾಜನ್ನೂ ಒಡೆದಿಲ್ಲ, ಹಿಂದಿನ ಬೆಂಚಿನಲ್ಲಿ ಕೂತು ಪಿಸುಗುಟ್ಟಿಲ್ಲ.

ಅಂಥ ಪತ್ರ ಹಿಡಿದು ಪಿಯು ಕಾಲೇಜಿಗೆ ಹೋದರೆ ಗುಮಾಸ್ತರು ಅದನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಬೇರೆ ಮಂಡಳಿಯಿಂದ ಬಂದವನಾದರೆ ವಲಸೆ ಪ್ರಮಾಣಪತ್ರ ಬೇಕು, ಮೇಲುಸಹಿ ಬೇಕು. ಕೋರಮಂಗಲದಿಂದ ಜಯನಗರಕ್ಕೆ ಬಂದ ಹುಡುಗನೂ ಕಾಗದದ ಮೇಲೆ ವಲಸಿಗನೇ.

ಇಷ್ಟೆಲ್ಲ ಗೋಜಲನ್ನು ಕಂಡು ಕನಿಕರಗೊಂಡ ದೆಹಲಿಯವರು ಪರಿಹಾರವೊಂದನ್ನು ಕಂಡುಹಿಡಿದರು: ಕ್ರೆಡಿಟ್. 2023ರಲ್ಲಿ ಹೊರಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಂತೆ ವರ್ಷಕ್ಕೆ 1,200 ಗಂಟೆಗಳ ಕಲಿಕೆ, ಅದಕ್ಕೆ 40 ಕ್ರೆಡಿಟ್. ಅಂದರೆ ಒಂದಕ್ಕೆ 30 ಗಂಟೆ. ಐದನೇ ತರಗತಿ ಮುಗಿಸಿದವನು 1ನೇ ಹಂತ, ಹತ್ತು ಮುಗಿಸಿದರೆ 3, ಹನ್ನೆರಡಕ್ಕೆ 4, ಪದವಿಯ ಮೊದಲ ವರ್ಷಕ್ಕೆ 4.5, ಪಿಎಚ್‌ಡಿಗೆ 8. ಬರೀ ಪಾಠವಲ್ಲ, ಆಟ, ಯೋಗ, ಸಂಗೀತ, ಕರಕುಶಲ, ಸಮಾಜಸೇವೆ ಎಲ್ಲಕ್ಕೂ ಲೆಕ್ಕವುಂಟು. ಉತ್ತರ ಕನ್ನಡದ ಹುಡುಗಿ ರಾತ್ರಿಯಿಡೀ ಚಂಡೆ ಬಾರಿಸಿದರೂ ಅದು ಶಿಕ್ಷಣವೇ. ಕಾಗದದ ಮೇಲೆ ಇದಕ್ಕಿಂತ ಉದಾರವಾದ ಯೋಜನೆಯನ್ನು ನಾನು ಕಂಡಿಲ್ಲ, ಇದನ್ನು ವ್ಯಂಗ್ಯವಿಲ್ಲದೆಯೇ ಹೇಳುತ್ತಿದ್ದೇನೆ.

ಗಳಿಸಿದ ಕ್ರೆಡಿಟ್ ಇಡಲು ಬ್ಯಾಂಕೂ ಇದೆ. 2021ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ನಿಯಮ ಮಾಡಿ ತೆರೆದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಇಲ್ಲಿ ಜಮೆಯಾದದ್ದು ಸಾಮಾನ್ಯವಾಗಿ ಏಳು ವರ್ಷಕ್ಕೆ ಹಳಸುತ್ತದೆ. ಬಡ್ಡಿಯ ಬದಲು ಅವಧಿ ಮುಗಿಯುವ ದಿನಾಂಕ ಕೊಡುವ ಬ್ಯಾಂಕು. ಶಾಲಾ ಮಕ್ಕಳಿಗೆ ‘ಅಪಾರ್’ ಎಂಬ 12 ಅಂಕಿಗಳ ಗುರುತು. ಅದನ್ನು ಮಾಡಿಸಲು ಶಾಲೆಯ ದಾಖಲೆಯ ಹೆಸರೂ ಆಧಾರ್‌ನ ಹೆಸರೂ ಅಕ್ಷರಶಃ ಹೊಂದಬೇಕು. ಕರ್ನಾಟಕದವರಿಗೆ ಇದು ಹೇಳಿ ಮಾಡಿಸಿದ ಪರೀಕ್ಷೆ. ನಮ್ಮ ಇನಿಷಿಯಲ್ ಶಾಲೆಯಲ್ಲಿ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಜನನ ಪ್ರಮಾಣಪತ್ರದಲ್ಲಿ ಇಲ್ಲವೇ ಇಲ್ಲ. ಹೀಗಾಗಿ ಒಬ್ಬನೇ ಹುಡುಗ ಮೂರು ದಾಖಲೆಗಳಲ್ಲಿ ಮೂವರಾಗಿ, ಮೂವರಲ್ಲಿ ಒಬ್ಬನಿಗೂ ಖಾತೆ ತೆರೆಯಲಾಗದೆ ನಿಲ್ಲುತ್ತಾನೆ.

ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಮಟ್ಟದಲ್ಲಿ ದೇಶದಲ್ಲೇ ಮೊದಲು ಜಾರಿಗೆ ತಂದ ಹೆಮ್ಮೆ ನಮ್ಮದು, 2021ರಲ್ಲಿ. ಒಂದು ವರ್ಷಕ್ಕೆ ಹೊರಬಿದ್ದರೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್ ಎಂದರು. ಈ ಸೌಲಭ್ಯವನ್ನು ವಿದ್ಯಾರ್ಥಿಗಳು ಎಷ್ಟರಮಟ್ಟಿಗೆ ಬಳಸಿಕೊಂಡರೋ, ನೀತಿಯಂತೂ ಪೂರ್ತಿಯಾಗಿ ಬಳಸಿಕೊಂಡಿತು. ಸರ್ಕಾರ ಬದಲಾಯಿತು, 2024ರ ಮೇ ತಿಂಗಳಲ್ಲಿ ಆದೇಶ ಬಂತು, ಮೂರು ವರ್ಷಗಳ ಪದವಿ ಮರಳಿತು. ಆನರ್ಸ್‌ಗೆ ಉಳಿಯದೆ, ಮೂರೇ ವರ್ಷಕ್ಕೆ ನೀತಿಯೇ ನಿರ್ಗಮಿಸಿತು.

ಹೋಗಲಿ, ಶಾಲೆಯ ಆ 40 ಕ್ರೆಡಿಟ್‌ಗಳನ್ನು ಎಂಜಿನಿಯರಿಂಗ್ ಸೀಟಿಗೆ ಎಲ್ಲಿ ಕೊಡಬೇಕು? ಎಲ್ಲಿಯೂ ಕೊಡುವಂತಿಲ್ಲ. ಅಲ್ಲಿ ಕೇಳುವುದು ಪಿಯುಸಿಯ ಅಂಕ ಮತ್ತು ಸಿಇಟಿಯ ಅಂಕ, ಅರ್ಧ ಅರ್ಧ. ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ, ತಲಾ 60, ಒಟ್ಟು 180. ಚಂಡೆ ಇಲ್ಲ, ಯೋಗ ಇಲ್ಲ. 2024ರ ಸಿಇಟಿಯಲ್ಲಿ ಪಠ್ಯದಲ್ಲೇ ಇಲ್ಲದ ಪ್ರಶ್ನೆಗಳು ಬಂದು, ಕೊನೆಗೆ ಎಲ್ಲ ವಿಷಯಗಳಿಂದ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಪಠ್ಯೇತರ ಚಟುವಟಿಕೆಗೆ ಪರೀಕ್ಷೆಯಲ್ಲಿ ಸ್ಥಾನ ಸಿಕ್ಕಿದ್ದು ಅದೊಂದೇ ಸಲ.

ಅದಕ್ಕೇ ನನ್ನದೊಂದು ಬೇಡಿಕೆ. ಅನುಭವದಿಂದ ಬಂದ ಕಲಿಕೆಗೂ ಕ್ರೆಡಿಟ್ ಕೊಡಬಹುದೆಂದು ಆ ಚೌಕಟ್ಟೇ ಹೇಳುತ್ತದೆ. ಹಾಗಿದ್ದರೆ ಪೋಷಕರಿಗೆ ಮೊದಲು ಕೊಡಿ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಬೆಂಚಿನಲ್ಲಿ ಕೂತ ಗಂಟೆಗಳು, ಆಧಾರ್ ಕೇಂದ್ರದ ಸಾಲು, ನೋಟರಿಯ ಮುಂದೆ ಮಾಡಿದ ಪ್ರಮಾಣಗಳು, ಎಲ್ಲ ಸೇರಿಸಿ. ಎಲ್‌ಕೆಜಿಯಿಂದ ಸಿಇಟಿವರೆಗೆ ಒಂದು ಮಗುವನ್ನು ದಾಟಿಸಿದ ತಂದೆಗೆ ಸಾರ್ವಜನಿಕ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಸಿಗಲೇಬೇಕು. ತಾಯಿಗೆ ನೇರವಾಗಿ 8ನೇ ಹಂತ. ಅರ್ಜಿ ನಮೂನೆ ಸಿದ್ಧವಾದರೆ ಕೌಂಟರಿನಲ್ಲಿ ಏನು ಕೇಳುತ್ತಾರೆಂಬುದೂ ಗೊತ್ತಿದೆ.

“ಇಷ್ಟು ಗಂಟೆ ನಮ್ಮ ಕಚೇರಿಯಲ್ಲೇ ಕಾದಿದ್ದೀರಿ ಎನ್ನುವುದಕ್ಕೆ ದಾಖಲೆ ತನ್ನಿ.”

“ದಿನವೂ ನೀವೇ ನೋಡಿದ್ದೀರಲ್ಲ ಸಾರ್.”

“ನಾನು ನೋಡಿದ್ದೇನೆ. ಆದರೆ ಈ ಬೆಂಚು ನಮ್ಮ ಆಸ್ತಿ ವಹಿಯಲ್ಲಿ ಇಲ್ಲ.”