ನಾಟಕ ಕೂರುವ ಮೊದಲೇ ಎದ್ದು ನಿಂತವರು

ಮೈಕು ಮೂಗಿನ ಹತ್ತಿರ ಬಂದಾಗ ನಾನು ಚಪ್ಪಲಿ ಹುಡುಕುತ್ತಿದ್ದೆ. "ಹೇಗಿತ್ತು ಸರ್ ನಾಟಕ? ಒಂದೇ ಮಾತಲ್ಲಿ ಹೇಳಿ." ನಾಟಕ ಇನ್ನೂ ಮುಗಿದಿರಲಿಲ್ಲ. ಅದು ಮಧ್ಯಂತರ. ನಾನು ಎದ್ದು ಬಂದದ್ದು ಬಾತ್‌ರೂಮಿಗೆ. ಅದನ್ನೇ ಒಂದೇ ಮಾತಲ್ಲಿ ಹೇಳಿದೆ. ಹುಡುಗನಿಗೆ ಬೇಜಾರೇನೂ ಆಗಲಿಲ್ಲ, ನನ್ನ ಹಿಂದೆ ಬರುತ್ತಿದ್ದವರ ಕಡೆ ಮೈಕು ತಿರುಗಿಸಿದ. ಅವರು ಪಳಗಿದವರು. ಕ್ಯಾಮೆರಾ ಕಂಡದ್ದೇ ಕಾಲರ್ ಸರಿಮಾಡಿಕೊಂಡು, ಹೆಬ್ಬೆರಳೆತ್ತಿ, "ಸೂಪರ್! ಫ್ಯಾಮಿಲಿ ಸಮೇತ ಬಂದು ನೋಡಿ!" ಅಂದರು. ನಾಟಕದಲ್ಲಿ ಅಲ್ಲಿಯವರೆಗೆ ನಡೆದದ್ದು ಇಷ್ಟೇ: ಆಸ್ತಿಗೋಸ್ಕರ ತಮ್ಮನಿಗೆ ವಿಷ ಹಾಕುವುದೆಂದು ಅಣ್ಣ ತೀರ್ಮಾನಿಸಿದ್ದ. ಫ್ಯಾಮಿಲಿ ಸಮೇತ ನೋಡಬೇಕಾದ್ದೇ. ಅದರಲ್ಲೂ ಇನ್ನೂ ಪಾಲುಪಟ್ಟಿ ಆಗದ ಫ್ಯಾಮಿಲಿಗಳು ಮೊದಲು ನೋಡಬೇಕು.

ಗಾಂಧಿನಗರದ ಥಿಯೇಟರುಗಳ ಮುಂದೆ ಶುಕ್ರವಾರ ಬೆಳಿಗ್ಗೆ ನಡೆಯುವ ಈ ಸಂಪ್ರದಾಯ ನಿಮಗೆ ಗೊತ್ತೇ ಇದೆ. ಟೈಟಲ್ ಕಾರ್ಡ್ ಮುಗಿಯುವಷ್ಟರಲ್ಲಿ ಹೊರಗೆ ಓಡಿಬಂದು "ನೂರು ದಿನ ಗ್ಯಾರಂಟಿ" ಎಂದು ಕೂಗುವ ಮಂದಿ. ಪಾಪ, ನಾಟಕದವರು ಮಾತ್ರ ಯಾಕೆ ಹಿಂದೆ ಬೀಳಬೇಕು? ಈ ಸಲದ ಆಹ್ವಾನದಲ್ಲಿ 'ಪ್ರೀವ್ಯೂ ಪ್ರದರ್ಶನ, ಆಹ್ವಾನಿತರಿಗೆ ಮಾತ್ರ' ಎಂದಿತ್ತು. ಇದನ್ನೇ ಹಿಂದೆ ಗ್ರ್ಯಾಂಡ್ ರಿಹರ್ಸಲ್ ಅನ್ನುತ್ತಿದ್ದರು. ಬಟ್ಟೆ ಹೊಲಿದ ಟೈಲರ್, ಲೈಟಿನವನ ಮಕ್ಕಳು, ತಾಲೀಮಿಗೆ ಜಾಗ ಕೊಟ್ಟ ಶಾಲೆಯ ಜವಾನ ಬಂದು ನೋಡುತ್ತಿದ್ದರು. ಟೈಲರಿಗೆ ನಿದ್ದೆ ಬಂದರೆ ಆ ಜಾಗದಲ್ಲಿ ಕತ್ತರಿ ಆಡಿಸಬೇಕೆಂದು ನಿರ್ದೇಶಕನಿಗೆ ತಿಳಿಯುತ್ತಿತ್ತು. ಈಗ ಟೈಲರಿಗೆ ಆಹ್ವಾನವಿಲ್ಲ. ಬಟ್ಟೆ ಬಾಡಿಗೆಗೆ ಬರುತ್ತದೆ.

ಪ್ರೀವ್ಯೂ ಎಂಬುದು ನ್ಯೂಯಾರ್ಕಿನ ನಾಟಕಬೀದಿ ಬ್ರಾಡ್‌ವೇಯಲ್ಲಿ ರೂಢಿಯಲ್ಲಿರುವ ಪದ. ಅಲ್ಲಿ ಅದಕ್ಕೊಂದು ಅರ್ಥವಿದೆ. ಅಧಿಕೃತ ಉದ್ಘಾಟನೆಗೆ ಮುಂಚೆ ವಾರಗಟ್ಟಲೆ ಟಿಕೆಟ್ ಮಾರಿ ನಾಟಕ ಆಡುತ್ತಾರೆ. ಜನ ಎಲ್ಲಿ ನಕ್ಕರು, ಎಲ್ಲಿ ಕೆಮ್ಮಿದರು ಎಂದು ನೋಡಿಕೊಂಡು ಹಗಲು ತಿದ್ದುತ್ತಾರೆ, ರಾತ್ರಿ ಆಡುತ್ತಾರೆ. ಇದರಲ್ಲಿ ಪ್ರಯೋಗದ ಇಲಿಯ ಪಾತ್ರ ಪ್ರೇಕ್ಷಕನದು, ಅದೂ ಅವನದೇ ದುಡ್ಡಿನಲ್ಲಿ. 2010ರ ನವೆಂಬರ್‌ನಲ್ಲಿ ಶುರುವಾದ ಸ್ಪೈಡರ್‌ಮ್ಯಾನ್ ಸಂಗೀತ ನಾಟಕವನ್ನು ನೆನೆಸಿಕೊಂಡರೆ ಈಗಲೂ ಕಿವಿಯವರೆಗೆ ನಗು ಬರುತ್ತದೆ. ಖರ್ಚು ಸುಮಾರು ಏಳೂವರೆ ಕೋಟಿ ಡಾಲರ್. ಮೊದಲ ಪ್ರೀವ್ಯೂನಲ್ಲೇ ಹಗ್ಗ ತಂತಿ ಕೈಕೊಟ್ಟು ಪ್ರದರ್ಶನ ಮತ್ತೆ ಮತ್ತೆ ನಿಂತಿತು. ಜೇಡಮಾನವ ಪ್ರೇಕ್ಷಕರ ತಲೆಯ ಮೇಲೆ ನೇತಾಡುತ್ತ ಉಳಿದ. ಉದ್ಘಾಟನೆ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಕಾದೂ ಕಾದೂ ಬೇಸತ್ತ ವಿಮರ್ಶಕರು 2011ರ ಫೆಬ್ರವರಿಯಲ್ಲಿ ಉದ್ಘಾಟನೆಗೆ ಮುಂಚೆಯೇ ಹರಿದು ಹಾಕಿದರು. ನಿರ್ದೇಶಕಿಯೇ ಬದಲಾದರು. ಕೊನೆಗೆ ಜೂನ್ 14ರಂದು ನಾಟಕ 'ಶುರು'ವಾಗುವ ಹೊತ್ತಿಗೆ ಆದ ಪ್ರೀವ್ಯೂಗಳು 182.

ನಾನು ಪಕ್ಕದಲ್ಲಿ ಕೂತು ಲೆಕ್ಕ ಹಾಕಿದೆ. ನಮ್ಮ ಹವ್ಯಾಸಿ ತಂಡವೊಂದು ಹೊಸ ನಾಟಕಕ್ಕೆ ವರ್ಷಕ್ಕೆ ಎರಡು ಪ್ರದರ್ಶನ ಮಾಡಿದರೆ ಪುಣ್ಯ. ಆ ಲೆಕ್ಕದಲ್ಲಿ 182 ಪ್ರೀವ್ಯೂ ಮುಗಿಸಲು 91 ವರ್ಷ ಬೇಕು. ತಮ್ಮನ ಪಾತ್ರದ ಹುಡುಗನಿಗೆ ಈಗ ಇಪ್ಪತ್ತೆರಡು. ಉದ್ಘಾಟನೆಯ ದಿನ ಅವನ ವಯಸ್ಸು 113. ವಿಷ ಹಾಕುವ ಅಗತ್ಯವೇ ಬೀಳುವುದಿಲ್ಲ.

ನಮ್ಮಲ್ಲಿ ಮೊದಲ ಪ್ರದರ್ಶನವೇ ಪ್ರೀವ್ಯೂ, ಅದೇ ಉದ್ಘಾಟನೆ, ಬಹಳ ಸಲ ಅದೇ ತಿಥಿ. ಎಲ್ಲವೂ ಒಂದೇ ಹಾಲ್ ಬಾಡಿಗೆಯಲ್ಲಿ.

ಕನ್ನಡದಲ್ಲಿ ಪ್ರೀವ್ಯೂ ಅಂದರೆ ಮುನ್ನೋಟ ಅನ್ನಬಹುದು. ಆವತ್ತು ನಿಜವಾದ ಮುನ್ನೋಟ ನೋಡಿದ್ದು ಮುಖ್ಯ ಅತಿಥಿಗಳೊಬ್ಬರೇ. ದೀಪ ಹಚ್ಚಿ, ಶಾಲು ಹೊದೆಸಿಕೊಂಡು, ಇಪ್ಪತ್ತು ನಿಮಿಷ ಈ ನಾಟಕದ ಗುಣಗಾನ ಮಾಡಿದರು. ಕಲಾವಿದರ ಅಭಿನಯ ಮನಮುಟ್ಟುವಂತಿದೆ, ಸಂಗೀತ ಅದ್ಭುತವಾಗಿದೆ ಅಂದರು. ಮೂರನೇ ಬೆಲ್ ಹೊಡೆಯುವ ಮೊದಲು ಇನ್ನೊಂದು ಕಾರ್ಯಕ್ರಮಕ್ಕೆ ಹೊರಟುಹೋದರು. ನಾಟಕದಲ್ಲಿ ಸಂಗೀತ ಇರಲಿಲ್ಲ. ಬೆಂಗಳೂರಿನ ರಂಗಶಂಕರ ನಾಟಕಮಂದಿರದಲ್ಲಾದರೆ ಏಳೂವರೆಗೆ ಬಾಗಿಲು ಹಾಕಿದರೆ ಹಾಕಿದ್ದೇ, ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ, 2004ರಲ್ಲಿ ಅದು ಶುರುವಾದಾಗಿನಿಂದ ಎಷ್ಟು ಜನ ದೊಡ್ಡವರು ಆ ಬಾಗಿಲ ಮುಂದೆ ನಿಂತು "ನಾನ್ಯಾರು ಗೊತ್ತೇನ್ರೀ?" ಅಂದಿದ್ದಾರೋ. ನಾವಿದ್ದದ್ದು ಬಡಾವಣೆಯೊಂದರ ಸಣ್ಣ ಹಾಲು. ಚಪ್ಪಲಿ ಹೊರಗೆ ಬಿಡಬೇಕು. ಬಾಗಿಲು ಮುಚ್ಚಿದರೂ ಅರ್ಧ ತೆರೆದೇ ಇರುತ್ತದೆ.

ಈ ಬಾಗಿಲ ವಿಷಯ ಆಮೇಲೆ ಹೇಳುತ್ತೇನೆ. ರಂಗದ ಮೇಲಿನ ಬಾಗಿಲ ಕತೆ ಮೊದಲು. ಅಣ್ಣ ಹೊರಗಿನಿಂದ ಬಂದು ಬಾಗಿಲು ತಳ್ಳಿದ. ತೆರೆಯಲಿಲ್ಲ. ಇನ್ನೊಮ್ಮೆ ತಳ್ಳಿದ, ಸೆಟ್ಟೇ ಅಲ್ಲಾಡಿತು. ಒಳಗಿದ್ದ ಅತ್ತಿಗೆ ಪಾತ್ರದಾಕೆ ಸಮಯಸ್ಫೂರ್ತಿಯಿಂದ "ಬಂದ್ರಾ?" ಅಂದಳು. ಆತ ಪಂಚೆ ಎತ್ತಿ ಕಟ್ಟಿ ಕಿಟಕಿಯಿಂದ ಹತ್ತಿ ಒಳಗೆ ಬಂದ. ಮಾರನೇ ದಿನ ಒಬ್ಬರು ಬರೆದರು: ಇದು 'ಸಾಂಪ್ರದಾಯಿಕ ಪ್ರವೇಶಗಳ ದಿಟ್ಟ ನಿರಾಕರಣೆ.' ಸೆಟ್ ಮಾಡಿದ ಬಡಗಿಯನ್ನು ವಿಚಾರಿಸಿದೆ. "ಮಳೆಗೆ ಪ್ಲೈವುಡ್ ಉಬ್ಕೊಂಡೈತೆ ಸಾ," ಅಂದ. ಇಬ್ಬರಲ್ಲಿ ಕಲಾ ವಿಮರ್ಶೆಯ ಭಾಷೆ ಯಾರದು ಸ್ಪಷ್ಟವಾಗಿದೆ ನೀವೇ ಹೇಳಿ.

ಎರಡನೇ ಭಾಗದಲ್ಲಿ ಅಣ್ಣ ವಿಷದ ಲೋಟ ಕೈಗೆತ್ತಿಕೊಂಡ. ಯೋಚಿಸಲು ನಿಂತ. ನಿಂತೇ ಇದ್ದ. ನೀಲಿ ಬೆಳಕು. ಹಾಲಿನಲ್ಲಿ ಸೂಜಿ ಬಿದ್ದರೂ ಕೇಳುವ ಮೌನ. ಆಗ ಹೊರಗಿನ ಟೀ ಅಂಗಡಿಯಿಂದ, ಮುಚ್ಚದ ಬಾಗಿಲ ಸಂದಿಯಿಂದ, ಒಬ್ಬಾಕೆಯ ತಣ್ಣನೆಯ ಧ್ವನಿ: "ಹದಿನೈದು ರೂಪಾಯಿಗಳನ್ನು ಸ್ವೀಕರಿಸಲಾಗಿದೆ." ಸ್ವಲ್ಪ ಹೊತ್ತಿಗೆ, "ಮೂವತ್ತು ರೂಪಾಯಿಗಳನ್ನು ಸ್ವೀಕರಿಸಲಾಗಿದೆ." ಮತ್ತೆ ಹದಿನೈದು. ಅಣ್ಣನ ಕೈ ನಡುಗಿತು. ಅದು ಅಭಿನಯವೋ ಕೋಪವೋ ತಿಳಿಯಲಿಲ್ಲ. ಇದಕ್ಕೂ ವ್ಯಾಖ್ಯಾನ ಬಂದಿದೆ: ಕುಟುಂಬದೊಳಕ್ಕೆ ಮಾರುಕಟ್ಟೆ ನುಗ್ಗುವುದರ ಧ್ವನಿರೂಪಕವಂತೆ. ಆಮೇಲೆ ತಮ್ಮ ಆ ಲೋಟದಲ್ಲಿದ್ದುದನ್ನು ಕುಡಿದನೋ ಇಲ್ಲವೋ ಎಂಬುದನ್ನು ನೀವು ನಾಟಕ ನೋಡಿಯೇ ತಿಳಿಯಬೇಕು. ನಾನು ಹೇಳುವುದಿಲ್ಲ.

ಕೊನೆಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದು ಹೇಗಾಯಿತೆಂದು ನಾನು ಕಣ್ಣಾರೆ ಕಂಡೆ. ಮುಂದಿನ ಸಾಲಿನವರೊಬ್ಬರು ಕೊನೇ ಮೆಟ್ರೋ ಹಿಡಿಯಲು ಬ್ಯಾಗು ಎತ್ತಿಕೊಂಡು ಎದ್ದರು. ಅವರ ಹಿಂದಿನವರಿಗೆ ರಂಗ ಕಾಣದೆ ಅವರೂ ಎದ್ದರು. ಮೂರನೇ ಸಾಲಿನವರು, ಮುಂದಿನವರೆಲ್ಲ ಎದ್ದಿರುವಾಗ ಕೂತಿದ್ದರೆ ಏನಂದುಕೊಳ್ಳುತ್ತಾರೋ ಎಂದು ಎದ್ದರು. ನಾನೂ ಎದ್ದೆ. ನಾಟಕ ಇನ್ನೂ ಹದಕ್ಕೆ ಬಂದಿಲ್ಲ ಅನ್ನುವುದಕ್ಕೆ ನಮ್ಮ ರಂಗಭೂಮಿಯಲ್ಲಿ "ನಾಟಕ ಇನ್ನೂ ಕೂತಿಲ್ಲ" ಅನ್ನುತ್ತಾರಲ್ಲ, ಅದು ಸರಿ. ನಾಟಕ ಕೂರದಿದ್ದರೆ ಪ್ರೇಕ್ಷಕರು ನಿಲ್ಲಬೇಕಾಗುತ್ತದೆ.

ಹೊರಗೆ ನಿರ್ದೇಶಕರು ಮದುವೆ ಮನೆಯ ಯಜಮಾನರ ಹಾಗೆ ಕೈಮುಗಿದು ನಿಂತಿದ್ದರು. ನಾವು ಸಾಲಾಗಿ ಹೋಗಿ ಮುಯ್ಯಿ ಒಪ್ಪಿಸಿದೆವು. ಮುಯ್ಯಿಯ ನೋಟುಗಳೂ ಪರಂಪರೆಯಿಂದ ಬಂದವೇ. "ಒಳ್ಳೇ ಪ್ರಯತ್ನ" ಅಂದರೆ ಫಲಿಸಲಿಲ್ಲ. "ಹುಡುಗರಲ್ಲಿ ಎನರ್ಜಿ ಇದೆ" ಅಂದರೆ ಕಿವಿ ನೋವು. "ಲೈಟಿಂಗ್ ಚೆನ್ನಾಗಿತ್ತು" ಅನ್ನುವುದು ಇದ್ದುದರಲ್ಲಿ ಕ್ರೂರವಾದದ್ದು: ಬೆಳಕು ಚೆನ್ನಾಗಿತ್ತು, ಅದು ಬಿದ್ದ ಜಾಗದಲ್ಲಿ ಏನೂ ಇರಲಿಲ್ಲ. "ಇನ್ನೆರಡು ಶೋ ಆಗ್ಲಿ, ಕೂತ್ಕೊಳ್ಳುತ್ತೆ" ಅಂದವರು ಆ ಇನ್ನೆರಡು ಶೋಗೆ ಬರುವುದಿಲ್ಲ. ಇದೇ ಮಂದಿ ಹತ್ತು ಹೆಜ್ಜೆ ದಾಟಿ ಸ್ಕೂಟರ್ ಸ್ಟ್ಯಾಂಡಿಗೆ ಹೋದ ಮೇಲೆ ಏನು ಮಾತಾಡಿದರೆಂದು ಇಲ್ಲಿ ಬರೆದರೆ ಸಂಪಾದಕರು ತೆಗೆದುಹಾಕುತ್ತಾರೆ.

ಕಂಪನಿ ನಾಟಕದ ಕಾಲದಲ್ಲಿ ಇಷ್ಟು ಸಭ್ಯತೆ ಇರಲಿಲ್ಲ. ಹಾಡು ಹಿಡಿಸಿದರೆ "ಒನ್ಸ್ ಮೋರ್!" ಕೂಗು. ಸತ್ತು ಬಿದ್ದ ನಾಯಕ ಎದ್ದು ಕೂತು, ಧೂಳು ಕೊಡವಿಕೊಂಡು, ಅದೇ ಹಾಡನ್ನು ಮತ್ತೆ ಹಾಡಿ ಮತ್ತೆ ಸಾಯುತ್ತಿದ್ದ. ಹಿಡಿಸದಿದ್ದರೆ ಸಿಳ್ಳೆ, ಅದಕ್ಕೂ ಬಗ್ಗದಿದ್ದರೆ ಮಾರನೇ ದಿನ ಗಲ್ಲಾಪೆಟ್ಟಿಗೆ ಖಾಲಿ. ಮಾಲೀಕ ಗಲ್ಲಾ ಎಣಿಸಿ ಕ್ಯಾಂಪು ಎತ್ತಬೇಕೋ ಬೇಡವೋ ತೀರ್ಮಾನಿಸುತ್ತಿದ್ದ. ಪ್ರತಿಕ್ರಿಯೆಯ ಹಾಳೆ ಹಂಚುತ್ತಿರಲಿಲ್ಲ. ರಷ್ಯಾದವರೂ ಹಾಗೇ. 1896ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ಚೆಕಾಫನ 'ಸೀಗಲ್' ಮೊದಲ ಸಲ ಆಡಿದ ರಾತ್ರಿ, ಹಾಸ್ಯನಟಿಯೊಬ್ಬಳ ಸಹಾಯಾರ್ಥ ಪ್ರದರ್ಶನವೆಂದು ನಗಲು ಬಂದಿದ್ದ ಜನ, ನಗಬಾರದ ಕಡೆಯೆಲ್ಲ ನಕ್ಕು ಕೂಗಾಡಿದರು. ಚೆಕಾಫ್ ಥಿಯೇಟರು ಬಿಟ್ಟು ಹೋಗಿ ಬೀದಿ ಸುತ್ತಿದ, ಇನ್ನು ನಾಟಕ ಬರೆಯುವುದಿಲ್ಲ ಅಂದ. ಎರಡು ವರ್ಷದ ಮೇಲೆ ಮಾಸ್ಕೋ ಆರ್ಟ್ ಥಿಯೇಟರಿನವರು ಅದನ್ನೇ ಎತ್ತಿಕೊಂಡು ಆಡಿ ಗೆದ್ದರು. ಆ ಜನ ಮಾಡಿದ್ದು ಸರಿಯಲ್ಲ, ಅವರಿಗೆ ನಾಟಕ ಅರ್ಥವೂ ಆಗಿರಲಿಲ್ಲ. ಆದರೆ ಚೆಕಾಫನಿಗೆ ಯಾರೂ "ಲೈಟಿಂಗ್ ಚೆನ್ನಾಗಿತ್ತು" ಅನ್ನಲಿಲ್ಲವಲ್ಲ.

ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕವನ್ನು ಬೆಳಿಗ್ಗೆ ಚರ್ಚೆಗೆ ಕೂರಿಸುತ್ತಾರೆ. ನಡುವೆ ಒಂದು ನಿದ್ದೆ, ಒಂದು ತಿಂಡಿ. ಅಭಿಪ್ರಾಯ ಹುಟ್ಟಲು ಅಷ್ಟಾದರೂ ಹೊತ್ತು ಬೇಕು. ಇಲ್ಲಿ ನಮ್ಮ ಬಾಯಿಗೆ ಮೈಕು ಬಂದದ್ದು ಬಾತ್‌ರೂಮಿನ ದಾರಿಯಲ್ಲಿ.

ಇಷ್ಟು ಹೊತ್ತು ತಮಾಷೆ ಮಾಡಿದೆ, ಸರಿ. ಆದರೆ ನನಗೆ ನಿಜವಾಗಿ ಸಿಟ್ಟು ಬಂದಿದೆ. ಈ ಹುಡುಗರು ಎರಡು ತಿಂಗಳು ಆಫೀಸು, ಕಾಲೇಜು, ಅಂಗಡಿ ಮುಗಿಸಿ ರಾತ್ರಿ ಹತ್ತರವರೆಗೆ ತಾಲೀಮು ಮಾಡಿದ್ದಾರೆ. ಒಬ್ಬಳು ದಿನಾ ನೆಲಮಂಗಲದಿಂದ ಬಸ್ಸಿನಲ್ಲಿ ಬಂದಿದ್ದಾಳೆ. ಹಾಲ್ ಬಾಡಿಗೆಗೆ ತಲಾ ಇಷ್ಟು ಎಂದು ಕೈಯಿಂದ ಹಾಕಿದ್ದಾರೆ. ಅವರು ನಮ್ಮನ್ನು ಕರೆದದ್ದು ಎಲ್ಲಿ ಕೆಟ್ಟಿದೆ ಎಂದು ಹೇಳಿ ಅಂತ. ನಾವು ಹೇಳಲಿಲ್ಲ. ಬಿಟ್ಟಿ ಪಾಸಿನಲ್ಲಿ ಕೂತು, ಬಿಟ್ಟಿ ಬಿಸ್ಕತ್ತು ತಿಂದು, ಬಿಟ್ಟಿ ಸುಳ್ಳು ಹೇಳಿ ಬಂದೆವು. ಎದುರಿಗೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವುದು ನೆಪ. ನಾಳೆ ನಮ್ಮ ನಾಟಕಕ್ಕೆ, ನಮ್ಮ ಪುಸ್ತಕ ಬಿಡುಗಡೆಗೆ ಅವರು ಬಂದು ಇದೇ ಮುಯ್ಯಿ ವಾಪಸ್ ಮಾಡಲಿ ಅಂತ, ಅಷ್ಟೇ. ಹೀಗೇ ಹೊಗಳಿ ಹೊಗಳಿ ಮೂರನೇ ಪ್ರದರ್ಶನಕ್ಕೆ ಮುಗಿದುಹೋದ ನಾಟಕಗಳನ್ನು ನಾನೇ ಎಷ್ಟು ಕಂಡಿಲ್ಲ!

ತಮ್ಮನ ಪಾತ್ರದ ಹುಡುಗ ಗ್ರೀನ್‌ರೂಮಿನ ಬಾಗಿಲಲ್ಲಿ ಸಿಕ್ಕಿದ. ಅರ್ಧ ಮುಖಕ್ಕೆ ಕೊಬ್ಬರಿ ಎಣ್ಣೆ ಬಳಿದು ಬಣ್ಣ ಒರೆಸಿದ್ದ, ಇನ್ನರ್ಧದಲ್ಲಿ ಇನ್ನೂ ತಮ್ಮನಿದ್ದ. "ಸರ್, ಅಣ್ಣ ಲೋಟ ಹಿಡ್ಕೊಂಡು ನಿಲ್ಲೋ ಜಾಗ ಎಳೀತಾ?" ಅಂತ ಕೇಳಿದ. ಕಣ್ಣಲ್ಲಿ ಕಣ್ಣಿಟ್ಟು ಕೇಳಿದ. ನಾನು ಅವನ ಬೆನ್ನು ತಟ್ಟಿ, "ಇಲ್ಲಪ್ಪ, ಬಿಗಿಯಾಗಿತ್ತು. ಒಂದು ನಿಮಿಷಾನೂ ತೆಗೀಬೇಡಿ," ಅಂದೆ.

ಮೊನ್ನೆ ಅವನೇ ಫೋನ್ ಮಾಡಿದ್ದ. ಎರಡನೇ ಪ್ರದರ್ಶನ ಇದೆಯಂತೆ.

"ಸರ್, ಆ ಲೋಟದ ಜಾಗದಲ್ಲಿ ಹನ್ನೆರಡು ನಿಮಿಷ ತೆಗೆದುಬಿಟ್ವಿ."

"ಅಯ್ಯೋ, ಯಾರಪ್ಪ ಹೇಳಿದ್ದು?"

"ಟೀ ಅಂಗಡಿ ಅಂಕಲ್ ಸರ್. ಎಂಟೂ ನಲವತ್ತರಿಂದ ಎಂಟೂ ಐವತ್ತೆರಡರ ಒಳಗೆ ಹದಿನೇಳು ಟೀ ಹೋಗಿದೆಯಂತೆ. ಅವರ ಫೋನಲ್ಲಿ ಟೈಮು, ಹೆಸರು ಎಲ್ಲಾ ಇತ್ತು, ತೋರಿಸಿದ್ರು."

ನಾನು ಮಾತಾಡಲಿಲ್ಲ.

"ನಿಮ್ಮದು ಎಂಟೂ ನಲವತ್ತಾರಕ್ಕೆ ಸರ್," ಅಂದ. "ಒಂದು ಟೀ, ಒಂದು ಬನ್ನು."