ಮೆಸೇಜು ಕಳಿಸುವವರ ಪಾಲಿನ ಕೆಲಸ

ಆನ್‌ಲೈನ್ ಸೌಜನ್ಯ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ‘ದಯವಿಟ್ಟು’, ‘ಧನ್ಯವಾದ’ ಮತ್ತು ಕೈಮುಗಿದ ಇಮೋಜಿ. ಇರಲಿ, ಬೇಡ ಅನ್ನುವುದಿಲ್ಲ. ಆದರೆ ಕೈಮುಗಿದ ಇಮೋಜಿ ಹಾಕಿಯೂ ಎದುರಿನವರ ಅರ್ಧ ದಿನ ಹಾಳು ಮಾಡಬಹುದು. ಉಪಚಾರದ ಒಂದು ಮಾತೂ ಇಲ್ಲದ ಮೆಸೇಜಿನಲ್ಲಿ ತುಂಬು ಮರ್ಯಾದೆ ಇರಬಹುದು. ಬರೆಯುವವರು ತಮ್ಮ ಪಾಲಿನ ಕೆಲಸವನ್ನು ತಾವೇ ಮಾಡಿದ್ದಾರೋ, ಓದುವವರ ತಲೆಗೆ ಕಟ್ಟಿದ್ದಾರೋ ಎಂಬುದರ ಮೇಲೆ ಎಲ್ಲ ನಿಂತಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬರೀ ‘ಹಾಯ್’ ಅಂತ ಕಳಿಸಿ ಸುಮ್ಮನಾಗುವ ಅಭ್ಯಾಸವನ್ನೇ ನೋಡಿ. ಅಥವಾ ‘ನಮಸ್ಕಾರ, ಬಿಡುವಾಗಿದ್ದೀರಾ?’ ಯಾವ ಕೆಲಸಕ್ಕೆ ಅಂತ ಗೊತ್ತಿಲ್ಲದೆ ಬಿಡುವಿದೆಯೋ ಇಲ್ಲವೋ ಹೇಳುವುದು ಹೇಗೆ? ಎರಡು ನಿಮಿಷದ ಪ್ರಶ್ನೆಯೋ, ಎರಡು ದಿನದ ಕೆಲಸವೋ? ಓದಿದವರು ‘ಹೇಳಿ’ ಅಂತ ಬರೆದು ಕಾಯಬೇಕು. ಅಷ್ಟರಲ್ಲಿ ಕೇಳಿದವರು ಬೇರೆಲ್ಲೋ ಹೋಗಿರುತ್ತಾರೆ. ಒಂದು ಸಲದಲ್ಲಿ ಮುಗಿಯಬೇಕಾದ ಮಾತು ಸಂಜೆವರೆಗೆ ಎಳೆಯುತ್ತದೆ. ನಮಸ್ಕಾರ ಖಂಡಿತ ಹೇಳಿ, ವಿಷಯವೂ ಅದೇ ಮೆಸೇಜಿನಲ್ಲಿ ಬರಲಿ. ನಾಲ್ಕು ಸಂಗತಿ ಸಾಕು: ನೀವು ಯಾರು (ನಿಮ್ಮ ನಂಬರು ಅವರಲ್ಲಿ ಇಲ್ಲದಿದ್ದರೆ), ಏನು ಬೇಕು, ಯಾವಾಗಿನೊಳಗೆ ಬೇಕು, ಆಗದಿದ್ದರೆ ಪರವಾಗಿಲ್ಲವೇ. ‘ನಮಸ್ಕಾರ, ನಾನು ಇಂಥವರು, ಅನುವಾದ ತಂಡದಿಂದ. ಎರಡು ಪುಟದ ಕರಡು ಕಳಿಸಿದ್ದೇನೆ. ಶುಕ್ರವಾರದೊಳಗೆ ಒಮ್ಮೆ ನೋಡಲು ಆಗುತ್ತದೆಯೇ? ಆಗದಿದ್ದರೆ ಒಂದು ಮಾತು ತಿಳಿಸಿ, ಬೇರೆಯವರನ್ನು ಕೇಳುತ್ತೇನೆ.’ ಕೊನೆಯ ವಾಕ್ಯವನ್ನು ಜನ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ‘ಇಲ್ಲ’ ಅನ್ನಲು ದಾರಿ ಬಿಟ್ಟುಕೊಡುವುದು ಅದೇ. ದಾರಿ ಇಲ್ಲದಾಗ ಜನ ಉತ್ತರ ಕೊಡದೆ ಮೌನವಾಗುತ್ತಾರೆ, ಆಮೇಲೆ ಅವರಿಗೆ ಸೊಕ್ಕು ಅಂತ ನಾವೇ ಅಂದುಕೊಳ್ಳುತ್ತೇವೆ.

ವಾಯ್ಸ್ ಮೆಸೇಜಿಗೂ ಇದೇ ಮಾತು. ಮಾತಾಡುವವರಿಗೆ ಅದು ಸುಲಭ. ಕೇಳುವವರು ಅದರ ಮೇಲೆ ಕಣ್ಣಾಡಿಸುವಂತಿಲ್ಲ, ತಿಂಗಳ ನಂತರ ಹುಡುಕುವುದು ಕಷ್ಟ, ನಾಲ್ಕು ಜನರ ನಡುವೆ ಕೂತು ಕೇಳುವಂತಿಲ್ಲ. ಟೈಪ್ ಮಾಡಲು ಕಷ್ಟವಾಗುವವರು ಧ್ವನಿಯಲ್ಲೇ ಕಳಿಸಲಿ, ಅದರಲ್ಲಿ ತಪ್ಪೇನಿಲ್ಲ. ಉಳಿದವರು ಒಂದು ನಿಮಿಷ ದಾಟಿದರೆ ಜೊತೆಗೆ ಒಂದು ಸಾಲು ಬರೆಯಬೇಕು: ‘ನಾಳಿನ ಸಭೆಯ ಬಗ್ಗೆ, ತುರ್ತಿಲ್ಲ.’ ದಿನಾಂಕ, ಮೊತ್ತ, ವಿಳಾಸ ಮಾತ್ರ ಯಾವತ್ತೂ ಅಕ್ಷರದಲ್ಲೇ ಇರಲಿ.

ಇನ್ನು ಧಾಟಿಯ ವಿಷಯ. ಹೆಚ್ಚಿನ ಜಗಳಗಳು ಹುಟ್ಟುವುದು ಇಲ್ಲೇ. 2005ರಲ್ಲಿ ಮನೋವಿಜ್ಞಾನಿಗಳಾದ ಜಸ್ಟಿನ್ ಕ್ರೂಗರ್, ನಿಕೋಲಸ್ ಎಪ್ಲಿ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ಹೇಳಿಕೆಗಳನ್ನು ವ್ಯಂಗ್ಯವಾಗಿಯೂ ಕೆಲವನ್ನು ಗಂಭೀರವಾಗಿಯೂ ಇನ್ನೊಬ್ಬರಿಗೆ ತಲುಪಿಸಬೇಕಿತ್ತು. ಇಮೇಲ್‌ನಲ್ಲಿ ಕಳಿಸಿದವರು, ನೂರಕ್ಕೆ ಸುಮಾರು 78 ಸಲ ನಮ್ಮ ಧಾಟಿ ಸರಿಯಾಗಿ ಅರ್ಥವಾಗುತ್ತದೆ ಅಂತ ನಂಬಿದ್ದರು. ಅರ್ಥವಾಗಿದ್ದು ಸುಮಾರು 56 ಸಲ. ಕಣ್ಣುಮುಚ್ಚಿ ಊಹಿಸಿದ್ದರೂ 50 ಸಿಗುತ್ತಿತ್ತು! ಅದೇ ಮಾತನ್ನು ಧ್ವನಿಯಲ್ಲಿ ಹೇಳಿದಾಗ ಸುಮಾರು 73 ಸಲ ಸರಿಯಾಗಿ ತಲುಪಿತು. ಬರೆಯುವಾಗ ನಮ್ಮದೇ ದನಿ ನಮ್ಮ ತಲೆಯೊಳಗೆ ಕೇಳುತ್ತಿರುತ್ತದೆ, ಹಾಗಾಗಿ ಅದು ಅಕ್ಷರದಲ್ಲೂ ಇದೆ ಅಂತ ಭ್ರಮಿಸುತ್ತೇವೆ. ಓದುವವರಿಗೆ ಆ ದನಿ ಸಿಗುವುದಿಲ್ಲ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್ಮನ್ 1982ರ ಸೆಪ್ಟೆಂಬರ್ 19ರಂದು ನಗುಮುಖದ ಚಿಹ್ನೆಯನ್ನು ಸೂಚಿಸಿದ್ದೂ ಇದೇ ಕಾರಣಕ್ಕೆ. ಅಲ್ಲಿನವರು ಕಂಪ್ಯೂಟರಿನಲ್ಲಿ ಬರೆದು ನಡೆಸುತ್ತಿದ್ದ ಚರ್ಚೆಗಳಲ್ಲಿ ತಮಾಷೆ ಯಾವುದು, ನಿಜ ಯಾವುದು ಅಂತ ಗೊತ್ತಾಗದೆ ಗೊಂದಲವಾಗುತ್ತಿತ್ತು.

ಆದ್ದರಿಂದ ಪರಿಚಯವಿಲ್ಲದವರೊಡನೆ ವ್ಯಂಗ್ಯ ಬೇಡವೇ ಬೇಡ. ‘ಯಾಕೆ’ ಎಂದು ಶುರುವಾಗುವ ಪ್ರಶ್ನೆಗಳ ಬಗ್ಗೆಯೂ ಎಚ್ಚರ ಬೇಕು. ‘ಯಾಕೆ ಇನ್ನೂ ಕಳಿಸಿಲ್ಲ?’ ಅನ್ನುವುದು ಎದುರಿಗೆ ನಿಂತು ನಗುತ್ತಾ ಕೇಳಿದರೆ ಬರೀ ವಿಚಾರಿಸಿದಂತೆ, ಅಕ್ಷರದಲ್ಲಿ ಆರೋಪ. ‘ಕೆಲಸ ಎಲ್ಲಿಗೆ ಬಂತು?’ ಅಂತ ಕೇಳಿದರೆ ಬೇಕಾದ ಮಾಹಿತಿಯೂ ಸಿಗುತ್ತದೆ, ಮನಸ್ಸೂ ಕೆಡುವುದಿಲ್ಲ. ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆಗಳು ಕಿರುಚಿದ ಹಾಗೆ ಕಾಣುತ್ತವೆ. ಯಾರೋ ಬರೆದ ಉದ್ದ ಮೆಸೇಜಿಗೆ ಬರೀ ‘ಸರಿ’ ಅಂತ ಉತ್ತರಿಸಿದರೆ ಬಾಗಿಲು ಹಾಕಿದಂತಾಗುತ್ತದೆ. ‘ಓದಿದೆ, ಒಪ್ಪಿಗೆ ಇದೆ’ ಎಂದು ಇನ್ನೆರಡು ಪದ ಸೇರಿಸಲು ಏನು ಕಷ್ಟ?

ಸಿಟ್ಟು ಬಂದಾಗ ಏನು ಮಾಡಬೇಕು? 1995ರ ಅಕ್ಟೋಬರ್‌ನಲ್ಲಿ ಇಂಟರ್‌ನೆಟ್ ಸಮುದಾಯ ಪ್ರಕಟಿಸಿದ ‘ಆರ್‌ಎಫ್‌ಸಿ 1855’ ಎಂಬ ಶಿಷ್ಟಾಚಾರ ಕೈಪಿಡಿಯಲ್ಲಿ ಉತ್ತರವಿದೆ: ಭಾವೋದ್ವೇಗದ ಉತ್ತರವನ್ನು ಕಳಿಸುವ ಮೊದಲು ಒಂದು ರಾತ್ರಿ ಕಾಯಿರಿ. ಇಷ್ಟು ವರ್ಷ ಕಳೆದರೂ ಇದಕ್ಕಿಂತ ಒಳ್ಳೆಯ ಸಲಹೆ ನನ್ನ ಕಣ್ಣಿಗೆ ಬಿದ್ದಿಲ್ಲ. ಬರೆಯಲೇಬೇಕು ಅನ್ನಿಸಿದರೆ ಫೋನಿನ ನೋಟ್ಸ್‌ನಲ್ಲಿ ಬರೆಯಿರಿ, ಉತ್ತರದ ಪೆಟ್ಟಿಗೆಯಲ್ಲಿ ಬೇಡ. ಬೆರಳು ತಪ್ಪಿ ಹೋಗುವುದು ಅಲ್ಲೇ. ಇಮೇಲ್ ಆದರೆ ವಿಳಾಸದ ಜಾಗ ಖಾಲಿ ಬಿಡಿ. ಕಳಿಸಿದ ಮೇಲೆ ಹಿಂತೆಗೆದುಕೊಳ್ಳಬಹುದಲ್ಲ ಅಂತ ನೆಚ್ಚಿಕೊಳ್ಳಬೇಡಿ. ಜಿಮೇಲ್ ಕೊಡುವ ಅವಕಾಶ ಹೆಚ್ಚೆಂದರೆ 30 ಸೆಕೆಂಡು. ವಾಟ್ಸ್‌ಆ್ಯಪ್‌ನಲ್ಲಿ ತಿದ್ದಲು 15 ನಿಮಿಷವಿದೆ, ತಿದ್ದಿದ ಗುರುತು ಉಳಿಯುತ್ತದೆ. ಅಳಿಸಿದರೂ ಅಳಿಸಿದ್ದು ಕಾಣುತ್ತದೆ, ಅಷ್ಟರಲ್ಲಿ ಪರದೆಯ ಮೇಲಿನ ನೋಟಿಫಿಕೇಶನ್‌ನಲ್ಲಿ ಅವರು ಓದಿಯೂ ಆಗಿರಬಹುದು.

ಮುಖ ಮರೆಸಿಕೊಂಡ ನಕಲಿ ಖಾತೆಗಳೇ ಎಲ್ಲ ಬೈಗುಳಕ್ಕೆ ಮೂಲ ಅಂತ ಒಂದು ನಂಬಿಕೆಯಿದೆ. ಹಾಗಾದರೆ ಎಲ್ಲರೂ ಎಲ್ಲರನ್ನೂ ಬಲ್ಲ ಗ್ರೂಪುಗಳಲ್ಲಿ, ಸ್ವಂತ ಹೆಸರು, ಸ್ವಂತ ಫೋಟೋ ಇಟ್ಟುಕೊಂಡವರೇ ಏಕವಚನಕ್ಕಿಳಿಯುವುದು ಹೇಗೆ? ನೋಆಮ್ ಲಪಿಡೋಟ್-ಲೆಫ್ಲರ್ ಮತ್ತು ಅಝಿ ಬರಾಕ್ ಎಂಬ ಸಂಶೋಧಕರು 2012ರಲ್ಲಿ ಇದನ್ನು ಪರೀಕ್ಷಿಸಿದರು. ಹೆಸರು ಮುಚ್ಚಿಡುವುದು, ಮುಖ ಕಾಣಿಸದಿರುವುದು, ಕಣ್ಣಿಗೆ ಕಣ್ಣು ಸೇರದಿರುವುದು ಎಂಬ ಮೂರನ್ನು ಬೇರೆ ಬೇರೆ ಮಾಡಿ ನೋಡಿದಾಗ, ಒರಟುತನಕ್ಕೆ ಹೆಚ್ಚಿನ ಕಾರಣವಾಗಿ ಕಂಡಿದ್ದು ಮೂರನೆಯದು. ಮಾತು ಚುಚ್ಚಿದ ಕ್ಷಣ ಎದುರಿನವರ ಕಣ್ಣಲ್ಲಿ ಆಗುವ ಬದಲಾವಣೆ ನಮ್ಮನ್ನು ತಡೆಯುತ್ತದೆ. ಪರದೆಯ ಮೇಲೆ ಆ ತಡೆ ಇಲ್ಲ. ಹಾಗಾಗಿ ವಾದ ಬಿಸಿಯಾದಾಗ ಕರೆ ಮಾಡುವುದು, ಸಾಧ್ಯವಾದರೆ ವಿಡಿಯೋ ಕರೆ ಮಾಡುವುದು, ನಿಜವಾಗಿ ಫಲ ಕೊಡುವ ಉಪಾಯ.

ಕಮೆಂಟಿನಲ್ಲೇ ಭಿನ್ನಾಭಿಪ್ರಾಯ ಹೇಳಬೇಕಾದರೆ ಮೊದಲು ಬರಹವನ್ನು ಪೂರ್ತಿ ಓದಿ. ಯಾವ ಸಾಲಿಗೆ ನಿಮ್ಮ ತಕರಾರು ಅಂತ ಆ ಸಾಲನ್ನೇ ಎತ್ತಿ ಬರೆಯಿರಿ. ಇಲ್ಲದಿದ್ದರೆ ಅವರು ಹೇಳದೇ ಇದ್ದ ಮಾತಿಗೆ ನೀವು ಉತ್ತರ ಕೊಡುತ್ತಿರುತ್ತೀರಿ. ‘ನಿಮಗೆ ಈ ವಿಷಯವೇ ಗೊತ್ತಿಲ್ಲ’ ಅನ್ನುವುದಕ್ಕೂ ‘ಮೂರನೇ ಪ್ಯಾರಾದ ಇಸವಿ ತಪ್ಪಿದೆ’ ಅನ್ನುವುದಕ್ಕೂ ಅಜಗಜಾಂತರ. ಮೊದಲನೆಯದರಿಂದ ಯಾರೂ ಏನೂ ಕಲಿಯುವುದಿಲ್ಲ. ನಿಮ್ಮ ಪರ ನಿಲ್ಲಲು ಹತ್ತು ಗೆಳೆಯರನ್ನು ಟ್ಯಾಗ್ ಮಾಡಿ ಕರೆತರುವುದು ಚರ್ಚೆಯಲ್ಲ, ಗುಂಪು ಕಟ್ಟಿಕೊಂಡು ಬಂದು ಹೆದರಿಸುವುದು. ಕಾಗುಣಿತದ ತಪ್ಪನ್ನು ಇನ್‌ಬಾಕ್ಸ್‌ನಲ್ಲಿ ಹೇಳಿ. ಎರಡು ಸುತ್ತು ಆದ ಮೇಲೂ ಇಬ್ಬರೂ ಹೇಳಿದ್ದನ್ನೇ ಹೇಳುತ್ತಿದ್ದರೆ, ‘ನನ್ನ ಮಾತು ಹೇಳಿದ್ದೇನೆ, ಇಲ್ಲಿಗೆ ನಿಲ್ಲಿಸುತ್ತೇನೆ’ ಅಂತ ಬರೆದು ನಿಲ್ಲಿಸಿ. ಹೇಳದೆ ಮಾಯವಾದರೆ ಎದುರಿನವರು ಅದನ್ನು ತಿರಸ್ಕಾರ ಅಂತ ಓದುತ್ತಾರೆ.

ಗ್ರೂಪಿಗೆ ಯಾರನ್ನಾದರೂ ಸೇರಿಸುವ ಮುಂಚೆ ಕೇಳಲೇಬೇಕು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಅವರ ಫೋನ್ ನಂಬರು ಅಲ್ಲಿರುವ ಅಪರಿಚಿತರಿಗೂ ಸಿಗಬಹುದು, ಹೆಣ್ಣುಮಕ್ಕಳ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ನೂರಾರು ಜನರ ಗ್ರೂಪಿನಲ್ಲಿ ಒಬ್ಬರಿಗೆ ಮಾತ್ರ ಸಂಬಂಧಿಸಿದ ಉತ್ತರವಿದ್ದರೆ, ಖಾಸಗಿಯಾಗಿ ಉತ್ತರಿಸುವ ಆಯ್ಕೆ ಆ ಮೆಸೇಜಿನ ಮೆನುವಿನಲ್ಲೇ ಇದೆ. ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಜೋಡಿ ಬಾಣದ ಗುರುತು ಕಂಡರೆ, ಅದನ್ನು ಬರೆದವರು ನಿಮಗೆ ಕಳಿಸಿದವರಲ್ಲ ಎಂದು ತಿಳಿಯಿರಿ. ಇಮೇಲ್‌ನಲ್ಲಿ ಪರಸ್ಪರ ಪರಿಚಯವಿಲ್ಲದ ಹಲವರಿಗೆ ಬರೆಯುವಾಗ ವಿಳಾಸಗಳನ್ನು ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಜಾಗ) ಹಾಕಿ.

ಸ್ಕ್ರೀನ್‌ಶಾಟ್ ಬಗ್ಗೆ ಹೆಚ್ಚು ಕಟ್ಟುನಿಟ್ಟು ಬೇಕು. ಖಾಸಗಿಯಾಗಿ ಹೇಳಿದ್ದನ್ನು ಹೇಳಿದವರ ಒಪ್ಪಿಗೆಯಿಲ್ಲದೆ ಹಂಚುವುದು ನಂಬಿಕೆದ್ರೋಹ, ಅದರಲ್ಲಿರುವುದು ಹೊಗಳಿಕೆಯಾದರೂ ಸರಿ. ಬೆದರಿಕೆ, ಕಿರುಕುಳಕ್ಕೆ ಸಾಕ್ಷಿಯಾಗಿ ದೂರಿನ ಜೊತೆ ಕೊಡುವುದು ಬೇರೆ ಮಾತು. ಹೆಸರು ಮರೆಮಾಡುವಾಗ ಫೋನಿನ ಹೈಲೈಟರ್ ಪೆನ್ನಿನಿಂದ ಗೀಚಿದರೆ ಸಾಲದು. ಅದರ ಬಣ್ಣ ಪಾರದರ್ಶಕವಾಗಿರುತ್ತದೆ, ಚಿತ್ರದ ಬೆಳಕು ಹೆಚ್ಚಿಸಿದರೆ ಅಡಿಯ ಅಕ್ಷರ ಕಾಣಿಸಿಬಿಡುತ್ತದೆ. ಆ ಭಾಗವನ್ನು ಕತ್ತರಿಸಿ ತೆಗೆಯಿರಿ.

ಕಣ್ಣು ಕಾಣದವರು, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಮೂಲಕ ಇದೇ ಗ್ರೂಪುಗಳಲ್ಲಿ ನಮ್ಮೊಂದಿಗಿದ್ದಾರೆ ಎಂಬುದು ಎಷ್ಟು ಜನರಿಗೆ ನೆನಪಿರುತ್ತದೆ? ಆ ತಂತ್ರಾಂಶ ಪ್ರತಿ ಇಮೋಜಿಯ ಹೆಸರನ್ನೂ ಓದಿ ಹೇಳುತ್ತದೆ. ವಾಕ್ಯದ ನಡುವೆ ಎಂಟು ಹೂವು ಹಾಕಿದರೆ ಎಂಟೂ ಹೆಸರು ದಾಟಿಯೇ ಮುಂದಿನ ಪದ ಸಿಗಬೇಕು. ಇಮೋಜಿ ಒಂದೆರಡು ಸಾಕು, ಅದೂ ವಾಕ್ಯದ ಕೊನೆಯಲ್ಲಿ. ಪ್ರಕಟಣೆಯನ್ನು ಚಿತ್ರವಾಗಿ ಹಾಕಿದರೆ ಅದರಲ್ಲಿರುವ ದಿನ, ಸಮಯ, ಜಾಗವನ್ನು ಕೆಳಗೆ ಅಕ್ಷರದಲ್ಲೂ ಬರೆಯಿರಿ.

ಇಷ್ಟೆಲ್ಲ ನೋಡಿಕೊಂಡರೂ ಮಾತು ತಪ್ಪುತ್ತದೆ. ಆಗ ‘ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ’ ಅನ್ನಬೇಡಿ. ಅದರಲ್ಲಿ ತಪ್ಪೂ ಇಲ್ಲ, ತಪ್ಪು ಮಾಡಿದವರೂ ಇಲ್ಲ, ನೊಂದವರ ಮೇಲೇ ಅನುಮಾನ. ಏನು ತಪ್ಪಾಯಿತು ಅಂತ ಹೆಸರಿಸಿ: ‘ನಿಮ್ಮ ಲೆಕ್ಕ ಸುಳ್ಳು ಅಂದೆ. ಪರಿಶೀಲಿಸದೆ ಹೇಳಿದ್ದು ತಪ್ಪು. ಕ್ಷಮಿಸಿ.’ ಮುಂದೆ ‘ಆದರೆ’ ಬೇಡ. ಗ್ರೂಪಿನಲ್ಲಿ ಅವಮಾನ ಮಾಡಿ ಇನ್‌ಬಾಕ್ಸ್‌ನಲ್ಲಿ ಕ್ಷಮೆ ಕೇಳಿದರೆ ಆಗುವುದಿಲ್ಲ, ಅವಮಾನ ಕಂಡವರಿಗೆಲ್ಲ ಕ್ಷಮೆಯೂ ಕಾಣಬೇಕು. ಮೂಲ ಕಮೆಂಟನ್ನು ಅಳಿಸುವುದಾದರೆ ಅಳಿಸಿದ್ದೇನೆ ಅಂತ ಹೇಳಿ ಅಳಿಸಿ. ಇಲ್ಲದಿದ್ದರೆ ಕೆಳಗೆ ಉತ್ತರ ಬರೆದವರೆಲ್ಲ ಗಾಳಿಗೆ ಗುದ್ದಿದಂತೆ ಕಾಣುತ್ತಾರೆ. ಕ್ಷಮೆ ಕೇಳಿದ ಮೇಲೆ ಅವರು ಉತ್ತರಿಸದಿದ್ದರೆ ಮತ್ತೆ ಮತ್ತೆ ಮೆಸೇಜು ಮಾಡಿ ‘ಸಿಟ್ಟು ಹೋಯಿತಾ?’ ಅಂತ ಕೇಳಬೇಡಿ, ಉತ್ತರಿಸುವುದೂ ಬಿಡುವುದೂ ಅವರಿಗೆ ಬಿಟ್ಟದ್ದು.