ಮಗು ಮಧ್ಯಾಹ್ನ ಮಲಗೋದು ಬಿಟ್ಟ ಮೇಲೆ

ಮಗಳು ಮಧ್ಯಾಹ್ನದ ನಿದ್ದೆ ಬಿಟ್ಟಾಗ ಅವಳಿಗೆ ಮೂರು ವರ್ಷ ನಾಲ್ಕು ತಿಂಗಳು. ಒಂದೇ ದಿನಕ್ಕೆ ಬಿಡಲಿಲ್ಲ. ಎರಡು ದಿನ ಮಲಗುತ್ತಿದ್ದಳು, ಮೂರನೇ ದಿನ ಹಾಸಿಗೆಯಲ್ಲಿ ಒಂದು ಗಂಟೆ ಹೊರಳಾಡಿ ಎದ್ದು ಬರುತ್ತಿದ್ದಳು, ಸಂಜೆ ಆರಕ್ಕೆ ಚಪ್ಪಲಿ ಎಡ ಯಾವುದು ಬಲ ಯಾವುದು ಗೊತ್ತಾಗಲಿಲ್ಲ ಅಂತ ನೆಲಕ್ಕೆ ಬಿದ್ದು ಅಳುತ್ತಿದ್ದಳು. ಹೀಗೆ ಎರಡು ತಿಂಗಳು ನಡೆಯಿತು. ಆಗ ಮಗನಿಗೆ ಆರು ತಿಂಗಳು. ಅಮ್ಮ ನಮ್ಮ ಜೊತೆ ಇರಲು ಬಂದಿದ್ದರು. ಕರ್ನಾಟಕ ಬಿಟ್ಟು ಒಂಬತ್ತು ವರ್ಷವಾಗಿದ್ದರೂ, ಮಕ್ಕಳನ್ನು ಬೆಳೆಸುವ ಎರಡು ರೀತಿಗಳು ಒಂದೇ ಮನೆಯಲ್ಲಿ ಎದುರುಬದುರು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಮ್ಮನ ರೀತಿ ನಿಮಗೆ ಗೊತ್ತಿರುವುದೇ. ಮಗುವಿನ ಪಕ್ಕ ಮಲಗುವುದು, ಬೆನ್ನು ತಟ್ಟುವುದು, ಮೆಲ್ಲಗೆ ಏನಾದರೂ ಹಾಡುವುದು, ನಿದ್ದೆ ಬರುವವರೆಗೂ ಅಲ್ಲಿಂದ ಏಳದೇ ಇರುವುದು. ನಮ್ಮನ್ನೆಲ್ಲ ಮಲಗಿಸಿದ್ದು ಹಾಗೇ. ಇದರಲ್ಲಿ ತೊಂದರೆ ಒಂದೇ, ನಿದ್ದೆ ಬರದಿದ್ದರೆ ಮುಂದೇನು ಅನ್ನುವುದಕ್ಕೆ ಉತ್ತರವಿಲ್ಲ. ಮುಕ್ಕಾಲು ಗಂಟೆ ತಟ್ಟಿದ ಮೇಲೂ ಮಗು ಕಣ್ಣು ಬಿಟ್ಟುಕೊಂಡೇ ಇದ್ದರೆ ಅಜ್ಜಿಗೂ ಸುಸ್ತು, ಮೊಮ್ಮಗಳಿಗೂ ಸಿಟ್ಟು, ಆಮೇಲೆ ಇಬ್ಬರೂ ಎದ್ದು ಬಂದು ಸಂಜೆಯವರೆಗೆ ಮನೆಯಲ್ಲಿ ಯಾರಿಗೂ ಒಂದು ನಿಮಿಷ ಬಿಡುವಿಲ್ಲ.

ಇಲ್ಲಿ ನಮ್ಮ ಸುತ್ತಲಿನ ಅಪ್ಪ ಅಮ್ಮಂದಿರದ್ದು ಬೇರೆ ರೀತಿ. ನಿದ್ದೆ ಹೋಯಿತಾ, ಹೋಗಲಿ, ಆ ಗಂಟೆಯನ್ನು ಮಾತ್ರ ಬಿಡುವುದಿಲ್ಲ ಅನ್ನುತ್ತಾರೆ. ಮಗು ತನ್ನ ಕೋಣೆಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತಾರೆ, ಮೂಲೆಯಲ್ಲಿ ಬಣ್ಣ ಬದಲಿಸುವ ದೀಪದ ಗಡಿಯಾರ. ಹಸಿರು ಬರುವವರೆಗೆ ಒಳಗೆ ಏನು ಬೇಕಾದರೂ ಆಡಿಕೋ, ಹೊರಗೆ ಮಾತ್ರ ಬರುವ ಹಾಗಿಲ್ಲ. ನಾನು ಇದನ್ನು ನೋಡಿ ಕಲಿತು ಮೊದಲ ದಿನ ಬಾಗಿಲು ಮುಚ್ಚಿದಾಗ ಅಮ್ಮ ಕೇಳಿದ್ದು ಒಂದೇ ಮಾತು, "ಏನೋ ಇದು, ಮಗೂನ ಕೋಣೇಲಿ ಕೂಡಿ ಹಾಕ್ತೀಯಾ?"

ಆ ದಿನ ಅಮ್ಮನ ಮೇಲೆ ಸಿಟ್ಟು ಬಂತು. ಈಗ ಯೋಚಿಸಿದರೆ ಅವರು ಕೇಳಿದ್ದು ಸರಿ ಅನಿಸುತ್ತದೆ. ಅದು ಹೇಗೆ ಅಂತ ಹೇಳುವ ಮೊದಲು ನಿದ್ದೆಯ ವಿಷಯ ಸ್ವಲ್ಪ ಹೇಳಬೇಕು, ಯಾಕೆಂದರೆ ಮಗು ಹಟಕ್ಕೆ ಮಲಗುತ್ತಿಲ್ಲ ಅಂತ ತಿಳಿದುಕೊಂಡವರು ತುಂಬಾ ಜನ ಇದ್ದಾರೆ.

ಹಟ ಅಲ್ಲ. ಎಚ್ಚರವಾಗಿರುವಷ್ಟು ಹೊತ್ತೂ ಮೆದುಳಿನಲ್ಲಿ ನಿದ್ದೆಯ ಒತ್ತಡ ಕೂಡುತ್ತಾ ಹೋಗುತ್ತದೆ. ಚಿಕ್ಕ ಮಗುವಿನಲ್ಲಿ ಅದು ಬೇಗ ತುಂಬುತ್ತದೆ, ಅದಕ್ಕೇ ನಡುದಿನದಲ್ಲಿ ಒಮ್ಮೆ ಇಳಿಸಲೇಬೇಕು. ಬೆಳೆಯುತ್ತಾ ಅದೇ ಒತ್ತಡ ನಿಧಾನವಾಗಿ ತುಂಬತೊಡಗುತ್ತದೆ, ಮಗು ಇಡೀ ದಿನ ತಡೆಯಬಲ್ಲದು. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ರೆಬೆಕಾ ಸ್ಪೆನ್ಸರ್ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಟ್ರೇಸಿ ರಿಗಿನ್ಸ್ 2022ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ನೆನಪುಗಳನ್ನು ಸದ್ಯಕ್ಕೆ ಹಿಡಿದಿಡುವ ಹಿಪ್ಪೊಕ್ಯಾಂಪಸ್ ಅನ್ನುವ ಭಾಗ ಚಿಕ್ಕವರಲ್ಲಿ ಇನ್ನೂ ಬಲಿತಿರುವುದಿಲ್ಲ, ಬೇಗ ತುಂಬಿಹೋಗುತ್ತದೆ, ನಿದ್ದೆಯಲ್ಲಿ ಅದು ಖಾಲಿಯಾಗುತ್ತದೆ, ಬಲಿತ ಮೇಲೆ ಮಧ್ಯಾಹ್ನ ಖಾಲಿ ಮಾಡುವ ಅಗತ್ಯ ಕಡಿಮೆಯಾಗುತ್ತದೆ ಅಂತ. ಅಂದರೆ ನಿದ್ದೆ ಬಿಡುವುದು ಬೆಳವಣಿಗೆಯ ಗುರುತು. ಇದನ್ನು ಓದಿದ ದಿನವೇ ನಾನು ಮಗಳ ಜೊತೆ ಜಗಳವಾಡುವುದನ್ನು ನಿಲ್ಲಿಸಿದೆ.

ಆದರೆ ತುಂಬಾ ಬೇಗ ಕೈಬಿಡಲೂ ಬಾರದು. ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಎರಡು ವರ್ಷಕ್ಕೆ ಮುಂಚೆ ಹಗಲು ನಿದ್ದೆ ಬಿಟ್ಟ ಮಕ್ಕಳು ಶೇ. 2.5ಕ್ಕಿಂತ ಕಡಿಮೆ, ಐದು ವರ್ಷದ ಹೊತ್ತಿಗೆ ಬಿಟ್ಟವರು ಶೇ. 94. ನಡುವೆ ಮೂರು ವರ್ಷದಷ್ಟು ದೊಡ್ಡ ಅಂತರ! ಪಕ್ಕದ ಮನೆ ಮಗು ಬಿಟ್ಟಿತು ಅಂತ ನಮ್ಮದನ್ನು ಬಿಡಿಸಬೇಕಿಲ್ಲ. ಎರಡು ವರ್ಷದ ಆಸುಪಾಸಿನಲ್ಲಿ ತುಂಬಾ ಮಕ್ಕಳು ಒಂದೆರಡು ವಾರ ಮಲಗಲು ಒಪ್ಪದೆ ರಂಪ ಮಾಡಿ ಮತ್ತೆ ಸರಿಹೋಗುತ್ತಾರೆ. ಅದನ್ನು ನಿದ್ದೆ ಬಿಟ್ಟಿತು ಅಂದುಕೊಂಡರೆ ಮಗುವಿಗೆ ನಷ್ಟ. ಇದೇ ಸ್ಪೆನ್ಸರ್ ಅವರ ತಂಡ 2013ರಲ್ಲಿ 40 ಮಕ್ಕಳಿಗೆ ಚಿತ್ರಗಳ ಜಾಗ ನೆನಪಿಟ್ಟುಕೊಳ್ಳುವ ಆಟ ಆಡಿಸಿ ನೋಡಿತ್ತು. ಮಧ್ಯಾಹ್ನ ಮಲಗಿದ ದಿನ ಮಕ್ಕಳಿಗೆ ಜಾಸ್ತಿ ನೆನಪಿತ್ತು, ಅದರಲ್ಲೂ ದಿನಾ ಮಲಗುವ ಅಭ್ಯಾಸವಿದ್ದವರಿಗೆ. ಮಲಗದ ದಿನದ ನಷ್ಟವನ್ನು ಆ ರಾತ್ರಿಯ ನಿದ್ದೆ ತುಂಬಿಕೊಡಲಿಲ್ಲ. ಹಾಗಾಗಿ ನಾನು ನೋಡಿದ್ದು ಎರಡು ಗುರುತು. ಮಧ್ಯಾಹ್ನ ಮಲಗಿದ ದಿನ ರಾತ್ರಿ ಹತ್ತಾದರೂ ನಿದ್ದೆ ಬರುತ್ತಿಲ್ಲವಾ? ಮಲಗದ ದಿನ ಸಂಜೆಯನ್ನು ಹೇಗೋ ದಾಟುತ್ತಾಳಾ? ಎರಡಕ್ಕೂ ಹೌದು ಅಂತ ವಾರಗಟ್ಟಲೆ ಬಂದರೆ ಸಮಯ ಬಂದಿದೆ ಅಂತ ಅರ್ಥ.

ಈಗ ಅಮ್ಮನ ಪ್ರಶ್ನೆಗೆ ಬರುತ್ತೇನೆ. ಡೊನಾಲ್ಡ್ ವಿನಿಕಾಟ್ ಅನ್ನುವ ಬ್ರಿಟನ್ನಿನ ಮಕ್ಕಳ ವೈದ್ಯರು, ಮನೋವಿಶ್ಲೇಷಕರೂ ಹೌದು, 1958ರಲ್ಲಿ ಒಂಟಿಯಾಗಿರುವ ಶಕ್ತಿಯ ಬಗ್ಗೆ ಒಂದು ಲೇಖನ ಬರೆದರು. ಮಗು ಒಂಟಿಯಾಗಿರಲು ಕಲಿಯುವುದು ತನ್ನವರೊಬ್ಬರು ಹತ್ತಿರ ಇದ್ದಾಗಲೇ ಅನ್ನುವುದು ಅದರ ತಿರುಳು. ಹತ್ತಿರ ಇರಬೇಕು, ಆದರೆ ಮಗುವಿನಿಂದ ಏನನ್ನೂ ಕೇಳಬಾರದು. ಇದನ್ನು ತಿಳಿದ ಮೇಲೆ ನನಗೆ ಎರಡು ರೀತಿಗಳಲ್ಲೂ ಅರ್ಧರ್ಧ ಸರಿ ಇದೆ ಅನಿಸಿತು. ಅಮ್ಮ ಹತ್ತಿರ ಇರುತ್ತಿದ್ದರು, ಆದರೆ "ಮಲಗು" ಅಂತ ಕೇಳುತ್ತಲೇ ಇರುತ್ತಿದ್ದರು. ಇಲ್ಲಿನವರು ಏನನ್ನೂ ಕೇಳುವುದಿಲ್ಲ, ಆದರೆ ಬಾಗಿಲ ಆಚೆಗೆ ಹೋಗಿಬಿಡುತ್ತಾರೆ. ಕೆಲವು ಮಕ್ಕಳಿಗೆ ಅದು ಸಲೀಸು, ನನ್ನ ಮಗಳಿಗೆ ಆಗಲಿಲ್ಲ. ಮೊದಲ ದಿನ ಬಾಗಿಲ ಹಿಂದೆ ಕೂತು ಬರೀ ಗಡಿಯಾರ ನೋಡುತ್ತಿದ್ದಳು, ಒಂದು ಆಟಿಕೆ ಮುಟ್ಟಿರಲಿಲ್ಲ. ಅದು ವಿಶ್ರಾಂತಿ ಅಲ್ಲ, ಕಾಯುವುದು.

ಆಮೇಲೆ ನಾವು ಬಾಗಿಲು ತೆಗೆದೇ ಇಟ್ಟೆವು. ಅವಳು ಒಳಗೆ, ಮನೆಯಲ್ಲಿದ್ದ ಒಬ್ಬರು ಹೊರಗೆ, ಅವಳಿಗೆ ಕಾಣುವ ಜಾಗದಲ್ಲಿ. ಹೊರಗೆ ಕೂತವರೂ ಸುಮ್ಮನಿರಬೇಕು, ಫೋನಿನಲ್ಲಿ ಮಾತು ಇಲ್ಲ, ಪಾತ್ರೆ ಸದ್ದು ಇಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ಮಗು ಮಾತ್ರ ಸುಮ್ಮನಿರಬೇಕು, ಉಳಿದ ಮನೆ ಗಲಗಲ ಅನ್ನುತ್ತಿರಬೇಕು ಅಂದರೆ ಯಾವ ಮಗು ತಾನೆ ಕೋಣೆಯಲ್ಲಿ ಕೂರುತ್ತದೆ? ಅಮ್ಮ ಕನ್ನಡಕ ಹಾಕಿಕೊಂಡು ಪುಸ್ತಕ ಹಿಡಿದು ಕೂತ ದಿನಗಳಲ್ಲಿ ಮಗಳು ಹೊರಗೆ ಬಂದದ್ದು ತೀರಾ ಕಡಿಮೆ.

ಹೆಸರಿಗೂ ತಲೆ ಕೆಡಿಸಿಕೊಂಡೆವು. "ಸುಮ್ನಿರೋ ಹೊತ್ತು" ಅಂತ ನಾನು ಶುರು ಮಾಡಿದ್ದೆ. ಕನ್ನಡದಲ್ಲಿ ಸುಮ್ನಿರು ಅನ್ನುವುದು ಗದರಿದ ಹಾಗೆ ಕೇಳಿಸುತ್ತದೆ ಅಂತ ಹೆಂಡತಿ ಹೇಳಿದಳು, ನಿಜ ಅಲ್ವಾ? ಅವಳೇ "ಆರಾಮ್ ಹೊತ್ತು" ಅಂದಳು, ಅದೇ ನಿಂತಿತು. ತಪ್ಪು ಮಾಡಿದಾಗ ಕೋಣೆಗೆ ಹೋಗು ಅಂತ ಆ ಕೋಣೆಯನ್ನು ಒಂದು ಸಲವೂ ಶಿಕ್ಷೆಗೆ ಬಳಸಲಿಲ್ಲ.

ಶುರು ಮಾಡಿದ್ದು ಬರೀ ಹತ್ತು ನಿಮಿಷದಿಂದ. ಊಟ, ಬಾತ್‌ರೂಮ್, ನೀರು, ಒಂದು ಕಥೆ, ಆಮೇಲೆ ಟೈಮರ್. ದಿನಾ ಇದೇ ಕ್ರಮ, ಹೆಚ್ಚುಕಡಿಮೆ ಇದೇ ಹೊತ್ತು. ಮೊದಲ ವಾರ ಹತ್ತು ನಿಮಿಷದಲ್ಲಿ ಐದು ಸಲ ಬಂದು "ಅಪ್ಪಾ, ಆಯ್ತಾ?" ಅಂದಳು. ನಾನು ಪ್ರತಿ ಸಲ ಕೈಹಿಡಿದು ವಾಪಸ್ ಕರೆದುಕೊಂಡು ಹೋಗಿ, "ಗಂಟೆ ಹೊಡೆದಾಗ ಬರ್ತೀನಿ" ಅಂತ ಅಷ್ಟೇ ಹೇಳಿದೆ. ಗಂಟೆ ಹೊಡೆದ ಕೂಡಲೇ ಹೋದೆ ಕೂಡ. ಒಂದು ನಿಮಿಷ ತಡವಾದರೂ ಮಗುವಿನ ನಂಬಿಕೆ ಹೋಗುತ್ತದೆ, ಇದನ್ನು ಹಗುರವಾಗಿ ನೋಡಬೇಡಿ. ಮೂರು ದಿನಕ್ಕೊಮ್ಮೆ ಐದು ನಿಮಿಷ ಏರಿಸಿದೆವು. ಸುಮಾರು ಒಂದು ತಿಂಗಳಿಗೆ ಮುಕ್ಕಾಲು ಗಂಟೆಗೆ ಬಂದು ನಿಂತಿತು, ಅದಕ್ಕಿಂತ ಜಾಸ್ತಿ ನಾವು ಕೇಳಲಿಲ್ಲ.

ಆಟಿಕೆಗೆ ಒಂದೇ ಡಬ್ಬಿ. ಅದು ಆ ಹೊತ್ತಿಗೆ ಮಾತ್ರ ಹೊರಗೆ ಬರುತ್ತದೆ, ಹಾಗಾಗಿ ಹಳತಾಗುವುದಿಲ್ಲ. ಬ್ಲಾಕ್ಸ್, ಚಿತ್ರದ ಪುಸ್ತಕ, ಎರಡು ಗೊಂಬೆ, ದೊಡ್ಡ ತುಂಡುಗಳ ಪಜಲ್. ಸದ್ದು ಮಾಡುವುದು, ಸಹಾಯ ಕೇಳುವಂಥದ್ದು ಬೇಡ. ಆಡಿಯೋ ಕಥೆ ಹಾಕುತ್ತೇವೆ, ಕನ್ನಡದ್ದೇ. ಇಲ್ಲಿ ಅವಳ ಕಿವಿಗೆ ಕನ್ನಡ ಬೀಳುವುದು ಮನೆಯಲ್ಲಿ ಮಾತ್ರ, ಆ ಮುಕ್ಕಾಲು ಗಂಟೆ ನನಗೆ ಬಂಗಾರ. ಟಿವಿ, ಫೋನಿನ ಪರದೆ ಮಾತ್ರ ಇಲ್ಲ. ಎರಡರಿಂದ ನಾಲ್ಕು ವರ್ಷದವರಿಗೆ ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಅದೂ ಅಲ್ಲದೆ ವಿಡಿಯೋ ನೋಡಿ ಎದ್ದ ಮಗಳು ಇನ್ನಷ್ಟು ಕಿರಿಕಿರಿ ಮಾಡುವುದನ್ನು ನಾನೇ ನೋಡಿದ್ದೇನೆ.

ಕೋಣೆಯ ಬಗ್ಗೆಯೂ ಹೇಳಬೇಕು, ಬಾಗಿಲು ತೆಗೆದಿದ್ದರೂ ಅಷ್ಟು ಹೊತ್ತು ಮಗುವಿನ ಮೇಲೆ ಪೂರ್ತಿ ಕಣ್ಣಿರುವುದಿಲ್ಲ. ಬಟ್ಟೆ ಬೀರು, ಪುಸ್ತಕದ ಕಪಾಟನ್ನು ಗೋಡೆಗೆ ಬಿಗಿಯಿರಿ, ಹತ್ತಿದರೆ ಮೈಮೇಲೆ ಬೀಳುತ್ತವೆ. ಕಿಟಕಿಗೆ ಚಿಲಕ ಬೇಕು, ಪರದೆಯ ಹಗ್ಗ ಕೈಗೆ ಸಿಗಬಾರದು. ಬಟನ್ ಬ್ಯಾಟರಿ ಇರುವ ಆಟಿಕೆ ಆ ಡಬ್ಬಿಯಲ್ಲಿ ಬೇಡವೇ ಬೇಡ, ನುಂಗಿದರೆ ಗಂಟಲಿನ ಒಳಭಾಗ ಎರಡು ಗಂಟೆಯೊಳಗೇ ಸುಡಬಹುದು.

ನಮಗೆ ಕಷ್ಟ ಕೊಟ್ಟಿದ್ದು ಡೇ ಕೇರ್. ಅಲ್ಲಿ ಎಲ್ಲ ಮಕ್ಕಳೂ ಎರಡು ಗಂಟೆ ಚಾಪೆ ಮೇಲೆ ಮಲಗಿರಬೇಕು, ಏಳುವ ಹಾಗಿಲ್ಲ. ನಿದ್ದೆ ಬಾರದ ಮಗು ಎರಡು ಗಂಟೆ ಮೇಲ್ಛಾವಣಿ ನೋಡುತ್ತಾ ಮಲಗಿರುವುದು ಎಂಥ ಹಿಂಸೆ! ಮೊದಲ ಅರ್ಧ ಗಂಟೆ ಎಲ್ಲರೂ ಮಲಗಲಿ, ನಿದ್ದೆ ಬಾರದವರಿಗೆ ಆಮೇಲೆ ಪುಸ್ತಕ ಕೊಡಿ ಅಂತ ಕೇಳಿದೆವು. ಮೂರು ಸಲ ಕೇಳಿದ ಮೇಲೆ ಒಪ್ಪಿದರು. ಕೇಳುವುದಕ್ಕೆ ಹಿಂಜರಿಯಬೇಡಿ, ಹೊರಗಿನವರು ಅಂತ ಅಳುಕು ನನಗೂ ಇತ್ತು.

ಹಗಲು ಹೋದ ನಿದ್ದೆಯನ್ನು ರಾತ್ರಿಗೆ ಸೇರಿಸುವುದನ್ನು ತುಂಬಾ ಮನೆಗಳಲ್ಲಿ ಮರೆಯುತ್ತಾರೆ. ಮೂರು ನಾಲ್ಕು ವರ್ಷದವರಿಗೆ ದಿನಕ್ಕೆ ಒಟ್ಟು 10ರಿಂದ 13 ಗಂಟೆ ನಿದ್ದೆ ಬೇಕು. ದೊಡ್ಡವರ ಜೊತೆಗೇ ಹತ್ತೂವರೆಗೆ ಮಲಗಿ ಬೆಳಿಗ್ಗೆ ಏಳಕ್ಕೆ ಎದ್ದರೆ ಎಂಟೂವರೆ ಗಂಟೆಯಷ್ಟೇ ಆಯಿತು. ಹಗಲು ಎರಡು ಗಂಟೆ ಮಲಗುತ್ತಿದ್ದಾಗ ಅದು ಹೇಗೋ ಸರಿದೂಗುತ್ತಿತ್ತು, ಈಗ ಇಲ್ಲ. ನಾವು ಎಂಟೂವರೆಯ ಹಾಸಿಗೆಯನ್ನು ಏಳೂಮುಕ್ಕಾಲಿಗೆ ತಂದೆವು. ಅಮ್ಮನಿಗೆ ಇದು ಇವತ್ತಿಗೂ ಒಪ್ಪಿಗೆಯಿಲ್ಲ, ಮಗು ಅಪ್ಪನ ಮುಖ ನೋಡುವುದು ಯಾವಾಗ ಅನ್ನುತ್ತಾರೆ. ಅವರ ಮಾತಿನಲ್ಲಿ ನೋವಿದೆ, ನನಗೆ ಅರ್ಥವಾಗುತ್ತದೆ. ಅದಕ್ಕೇ ಬೆಳಗಿನ ಅರ್ಧ ಗಂಟೆಯನ್ನು ನಾನು ಅವಳಿಗೇ ಇಟ್ಟಿದ್ದೇನೆ.

ಆರಾಮ್ ಹೊತ್ತಿನಲ್ಲಿ ಮಗಳು ಆಗಾಗ ಗೊಂಬೆ ಹಿಡಿದುಕೊಂಡೇ ನಿದ್ದೆ ಹೋಗುತ್ತಿದ್ದಳು. ಬೇಗ ಹೋದರೆ ಮುಕ್ಕಾಲು ಗಂಟೆ ಬಿಡುತ್ತಿದ್ದೆವು, ಮೂರೂವರೆ ಆದರೆ ಎಬ್ಬಿಸುತ್ತಿದ್ದೆವು.

ಅವಳಿಗೆ ಈಗ ಐದು ತುಂಬುತ್ತಾ ಬಂತು. ಮಗನಿಗೆ ಎರಡು ವರ್ಷ, ಹೋದ ವಾರದಿಂದ ಅವನೂ ಮಧ್ಯಾಹ್ನ ಮಲಗಲ್ಲ ಅಂತ ಕಿರುಚುತ್ತಿದ್ದಾನೆ. ಈ ಸಲ ನಾವು ಗಾಬರಿಯಾಗಿಲ್ಲ. ದಿನಾ ಅದೇ ಹೊತ್ತಿಗೆ ಮಲಗಿಸುತ್ತೇವೆ, ಪಕ್ಕದಲ್ಲಿ ಕೂತು ಬೆನ್ನು ತಟ್ಟುತ್ತೇವೆ, ಅಮ್ಮ ತಟ್ಟುತ್ತಿದ್ದ ಹಾಗೆಯೇ. ಆಚೆ ಕೋಣೆಯಲ್ಲಿ ಅಕ್ಕ ತನ್ನ ಡಬ್ಬಿ ತೆಗೆದುಕೊಂಡು ಕೂತಿರುತ್ತಾಳೆ. ಮೊನ್ನೆ ಅವನು ಅರ್ಧ ಗಂಟೆ ಅತ್ತು ಕೊನೆಗೆ ಮಲಗಿದ.